ಜೈರೋ ಬಾಲ್: ತೋಳಿಗೆಷ್ಟು, ತೂಕಕ್ಕೆಷ್ಟು

ಜೈರೋ ಬಾಲ್, ಪವರ್‌ಬಾಲ್, ರಿಸ್ಟ್ ಬಾಲ್ ಎಂದು ನಾನಾ ಹೆಸರಿನಲ್ಲಿ ಮಾರುವ ಈ ಸಾಧನ ಹೆಚ್ಚುಕಮ್ಮಿ ಟೆನಿಸ್ ಚೆಂಡಿನ ಗಾತ್ರದ ಪ್ಲಾಸ್ಟಿಕ್ ಗೋಳ. ಒಳಗೊಂದು ಭಾರದ ಗಾಲಿ, ಅದನ್ನು ಕಾಣಿಸುವ ಒಂದು ಕಿಂಡಿ. ಸಾಮಾನ್ಯ ಮಾದರಿ ಕಾಲು ಕಿಲೋ ಆಸುಪಾಸು ತೂಗುತ್ತದೆ, ಲೋಹದ್ದಾದರೆ ಇನ್ನೂ ಹೆಚ್ಚು. ಅಮೆರಿಕದ ಆರ್ಚಿ ಮಿಶ್ಲರ್ ಇದಕ್ಕೆ 1973ರಲ್ಲಿ ಪೇಟೆಂಟ್ ಪಡೆದರು. ಮುಂಗೈ, ಮಣಿಕಟ್ಟು, ಬೆರಳ ಹಿಡಿತ ಗಟ್ಟಿಯಾಗಬೇಕು ಎನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ಸಾಮಾನು. 'ಬೊಜ್ಜು ಕರಗಿಸುತ್ತದೆ' ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ ಆ ಸಾಲನ್ನು ನಂಬಬೇಡಿ. ಲೆಕ್ಕ ಮುಂದಿದೆ.

ಒಳಗೆ ಏನು ನಡೆಯುತ್ತದೆ

ರಭಸವಾಗಿ ತಿರುಗುವ ಬುಗುರಿಯನ್ನು ಬೆರಳಿನಿಂದ ಓರೆ ಮಾಡಲು ಹೋದರೆ ಅದು ನೀವು ತಳ್ಳಿದ ಕಡೆಗೆ ಬೀಳುವುದಿಲ್ಲ, ಪಕ್ಕಕ್ಕೆ ವಾಲಿ ಸುತ್ತು ಹಾಕುತ್ತದೆ. ಚೆಂಡಿನೊಳಗಿನ ಗಾಲಿಯದೂ ಅದೇ ಗುಣ. ಗಾಲಿಯ ಅಚ್ಚಿನ ಎರಡು ತುದಿಗಳು ಚಿಪ್ಪಿನ ಒಳಗೋಡೆಯ ಸುತ್ತ ಕೊರೆದ ಸಣ್ಣ ಕಾಲುವೆಯಲ್ಲಿ ಕೂತಿರುತ್ತವೆ. ಅವು ಎದುರುಬದುರಾಗಿಯೇ ಇರಲೆಂದು ಕಾಲುವೆಯೊಳಗೆ ತೆಳುವಾದ ಒಂದು ಬಳೆ ಇರುತ್ತದೆ. ಮಣಿಕಟ್ಟು ತಿರುವಿದಾಗ ಅಚ್ಚು ಕಾಲುವೆಯಲ್ಲಿ ಸುತ್ತುತ್ತದೆ. ಆಗ ಅದರ ಒಂದು ತುದಿ ಮೇಲಂಚಿಗೆ, ಇನ್ನೊಂದು ಕೆಳಂಚಿಗೆ ಒತ್ತಿಕೊಂಡು ಉರುಳುತ್ತದೆ. ಈ ಉರುಳುವಿಕೆಯೇ ಗಾಲಿಗೆ ವೇಗ ಕೊಡುವುದು. ಮೋಟರೂ ಇಲ್ಲ, ಸೆಲ್ಲೂ ಇಲ್ಲ. ಕೆಲವದರಲ್ಲಿ ಬಟನ್ ಸೆಲ್ ಇದ್ದರೂ ಅದು ಸುತ್ತು ಎಣಿಸುವ ಮೀಟರಿಗೆ ಮಾತ್ರ.

ಇದರಿಂದ ಎರಡು ಸಂಗತಿ ತಿಳಿಯಬೇಕು. ಒಂದು, ಅಚ್ಚಿನ ತುದಿ ಜಾರಿದರೆ ಆಟ ಮುಗಿಯಿತು, ತಿಕ್ಕಾಟ ಇದ್ದರಷ್ಟೇ ಚೆಂಡು ಓಡುತ್ತದೆ. ಎರಡು, ಗಾಲಿಯ ವೇಗ ಎರಡು ಪಟ್ಟಾದರೆ ಕೈಗೆ ಬೀಳುವ ಭಾರ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅಜ್ಜಿಗೂ ಪಂಜಾ ಕುಸ್ತಿಯ ಹುಡುಗನಿಗೂ ಒಂದೇ ಚೆಂಡು ಸಾಕು. ಮೊದಲೇ ದುಬಾರಿಯ ಲೋಹದ ಮಾದರಿ ಕೊಳ್ಳುವ ಅಗತ್ಯವಿಲ್ಲ.

ಶುರು ಮಾಡುವುದು

ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಉದ್ದ ಕೂದಲು, ದುಪಟ್ಟಾ, ಸೆರಗು ಹಿಂದಕ್ಕೆ ಸರಿಸಿ. ಚೆಂಡಿನ ಜೊತೆ ಮೊಳದುದ್ದದ ದಾರ ಬಂದಿರುತ್ತದೆ. ಕಿಂಡಿ ಮೇಲಕ್ಕೆ ಬರುವಂತೆ ಚೆಂಡು ಹಿಡಿದು, ಗಾಲಿಯ ಮೇಲಿರುವ ಸಣ್ಣ ತೂತಿಗೆ ದಾರದ ತುದಿ ಸಿಕ್ಕಿಸಿ. ಹೆಬ್ಬೆರಳಿನಿಂದ ಗಾಲಿಯನ್ನು ಉರುಳಿಸುತ್ತ ಬುಗುರಿಗೆ ಚಾಟಿ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಕೊಳ್ಳಿ. ಒಂದರ ಮೇಲೊಂದು ಸುತ್ತು ಏರಿದರೆ ಎಳೆಯುವಾಗ ಗಂಟು ಬೀಳುತ್ತದೆ. ಬೆರಳಿಗೆ ಸಿಕ್ಕುವಷ್ಟು ದಾರ ಉಳಿದಾಗ ನಿಲ್ಲಿಸಿ, ಸಡಿಲ ತೆಗೆದು, ನೇರ ಮೇಲಕ್ಕೆ ಎಳೆಯಿರಿ. ಮೊದಲ ಎರಡಿಂಚು ಮೆಲ್ಲಗೆ, ಆಮೇಲೆ ರಪ್ಪನೆ. ಓರೆಯಾಗಿ ಎಳೆದರೆ ದಾರ ಕಿಂಡಿಯ ಅಂಚಿಗೆ ಉಜ್ಜಿ ಬೇಗ ಹರಿಯುತ್ತದೆ. ಆಟೋಸ್ಟಾರ್ಟ್ ಮಾದರಿಗೆ ದಾರ ಬೇಡ: ಬಾಣದ ಗುರುತಿನ ಕಡೆಗೆ ಸ್ಪ್ರಿಂಗ್ ಬಿಗಿಯಾಗುವ ತನಕ ಗಾಲಿ ತಿರುವಿ ಬಿಟ್ಟರಾಯಿತು.

ಗುಂಯ್ ಎನ್ನುವ ಸದ್ದು ಬಂದ ತಕ್ಷಣ ಕಿಂಡಿ ನೆಲ ನೋಡುವಂತೆ ಕೈ ಮಗುಚಿ, ಲೋಟದ ಕಾಫಿಗೆ ಸಕ್ಕರೆ ಕಲಕುವಷ್ಟು ಚಿಕ್ಕ ಸುತ್ತನ್ನು ಮಣಿಕಟ್ಟಿನಿಂದಲೇ ಹಾಕಿ. ಆರಂಭಕ್ಕೆ ಸೆಕೆಂಡಿಗೆ ಒಂದೆರಡು ಸುತ್ತು ಸಾಕು. ಹೊಸಬರು ಎಡವುವುದು ಇಲ್ಲೇ. ಗಾಬರಿಯಲ್ಲಿ ಇಡೀ ತೋಳನ್ನು ಜಾಡಿಸುತ್ತಾರೆ, ಕೈ ಗಾಲಿಗಿಂತ ಮುಂದೆ ಓಡುತ್ತದೆ, ಅಚ್ಚಿನ ತುದಿ ಜಾರಿ ಚೆಂಡು ಗಡಗಡಿಸಿ ನಿಲ್ಲುತ್ತದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡರೆ ಈ ಚಾಳಿ ಅರ್ಧ ಹೋಗುತ್ತದೆ. ಕೈಗೆ ಯಾವ ಕಡೆಯಿಂದ ತಡೆ ಸಿಗುತ್ತದೋ ಆ ತಡೆಯನ್ನು ಹಿಂಬಾಲಿಸಿ. ಸದ್ದಿನ ಶ್ರುತಿ ಏರುತ್ತಿದ್ದರೆ ಲಯ ಸಿಕ್ಕಿತು ಎಂದರ್ಥ. ಇಳಿಯುತ್ತಿದ್ದರೆ ಸುತ್ತನ್ನು ಇನ್ನಷ್ಟು ಕಿರಿದಾಗಿಸಿ. ದೊಡ್ಡದಾಗಿಸಿದರೆ ಪ್ರಯೋಜನವಿಲ್ಲ. ಹತ್ತಿಪ್ಪತ್ತು ಸಲ ತಪ್ಪುವುದು ಮಾಮೂಲು.

ನಿಲ್ಲಿಸಬೇಕಾದಾಗ ಮಣಿಕಟ್ಟನ್ನು ಅಲುಗಿಸದೆ ಹಿಡಿದರೆ ವೇಗ ತಾನೇ ಇಳಿಯುತ್ತದೆ. ಗಾಲಿಗೆ ಬೆರಳು ಕೊಡಬೇಡಿ, ಚರ್ಮ ಸುಲಿಯುತ್ತದೆ.

ಎಷ್ಟು ಹೊತ್ತು, ಯಾವ ಭಂಗಿ

ಮೊದಲ ವಾರ ಒಂದೊಂದು ಕೈಗೆ 30 ಸೆಕೆಂಡಿನ ಮೂರು ಸರದಿ, ನಡುವೆ ಅಷ್ಟೇ ವಿಶ್ರಾಂತಿ, ದಿನ ಬಿಟ್ಟು ದಿನ. ಎರಡನೆಯ ವಾರ ಸರದಿ 45 ಸೆಕೆಂಡಿಗೆ, ಮೂರನೆಯ ವಾರ ಒಂದು ನಿಮಿಷಕ್ಕೆ. ಅಲ್ಲಿಂದಾಚೆ ಹೊತ್ತು ಹೆಚ್ಚಿಸದೆ ವೇಗ ಹೆಚ್ಚಿಸಿ. ಎರಡನ್ನೂ ಒಂದೇ ವಾರ ಏರಿಸಿದವರಿಗೆ ಮೊಣಕೈ ನೋವು ಗ್ಯಾರಂಟಿ. ಪ್ರತಿ ಸರದಿಯ ಅರ್ಧ ಪ್ರದಕ್ಷಿಣೆಯಾಗಿ, ಅರ್ಧ ಅಪ್ರದಕ್ಷಿಣೆಯಾಗಿ ಇರಲಿ. ಗಾಲಿ ತಿರುಗುವ ದಿಕ್ಕು ಯಾವುದಿದ್ದರೂ ಮಣಿಕಟ್ಟು ಎರಡೂ ಕಡೆಗೆ ಸುತ್ತಬಹುದು. ಎಡಗೈ ಹಿಂದೆ ಬೀಳುತ್ತದೆಂದು ಬಿಟ್ಟುಬಿಡಬೇಡಿ, ಅದರಿಂದಲೇ ಶುರು ಮಾಡಿ.

ಕೈ ಜೋತುಬಿಟ್ಟು ಅಂಗೈ ಕೆಳಗೆ ಮಾಡಿದರೆ ಕೆಲಸವೆಲ್ಲ ಮುಂಗೈಗೆ. ಮೊಣಕೈ ಮಡಿಸಿ ಅಂಗೈ ಮೇಲೆ ಮಾಡಿದರೆ ರಟ್ಟೆಯ ಮುಂಭಾಗವೂ ಬಿಗಿಯುತ್ತದೆ. ಐದು ಬೆರಳ ತುದಿಯಲ್ಲಿ ಮಾತ್ರ ಹಿಡಿದು ತಿರುವಿದರೆ ಹಿಡಿತಕ್ಕೆ ಒಳ್ಳೆಯದು. ವೀಣೆ, ಗಿಟಾರ್ ನುಡಿಸುವವರಿಗೂ ಬಂಡೆ ಹತ್ತುವವರಿಗೂ ಈ ಭಂಗಿ ಹೇಳಿಮಾಡಿಸಿದ್ದು. ಕೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ ತಿರುವುವ ಭಂಗಿಯನ್ನು ವಿಡಿಯೊಗಳಲ್ಲಿ ಬಹಳ ತೋರಿಸುತ್ತಾರೆ. ಭುಜ ದಣಿಯುವುದೇನೋ ನಿಜ, ಆದರೆ ಮುಖ್ಯವಾಗಿ ಕೈ ಎತ್ತಿ ಹಿಡಿದದ್ದಕ್ಕೆ. ನೀರು ತುಂಬಿದ ಒಂದು ಲೀಟರ್ ಬಾಟಲಿಯೂ ಆ ಕೆಲಸ ಮಾಡುತ್ತದೆ.

ತೂಕದ ಲೆಕ್ಕ

60 ಕಿಲೋ ತೂಕದವರು ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ ಸುಮಾರು 1 ಕಿಲೋಕ್ಯಾಲರಿ ಖರ್ಚಾಗುತ್ತದೆ. ಚೆಂಡು ತಿರುವಿದಾಗ ಅದು ಎರಡು ಪಟ್ಟಾಗುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಹತ್ತು ನಿಮಿಷಕ್ಕೆ ಹೆಚ್ಚುವರಿ ಖರ್ಚು 10. ಒಂದು ಚಮಚ ಸಕ್ಕರೆಯಲ್ಲಿ 16 ಇರುತ್ತದೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕಿಲೋಕ್ಯಾಲರಿ, ಅಂದರೆ ದಿನಾ ಹತ್ತು ನಿಮಿಷ ತಿರುವುತ್ತ, ಊಟ ಒಂದು ತುತ್ತೂ ಹೆಚ್ಚದೆ, ಎರಡು ವರ್ಷ ದಾಟಬೇಕು. ಅದೇ ದೇಹ ಅರ್ಧ ಗಂಟೆ ಬಿರುಸಾಗಿ ನಡೆದರೆ ಹೆಚ್ಚುವರಿಯಾಗಿ 70-80 ಖರ್ಚಾಗುತ್ತದೆ. ಮುಂಗೈಯ ಸ್ನಾಯುಗಳು ಚಿಕ್ಕವು, ದೊಡ್ಡ ಖರ್ಚು ತೊಡೆ, ಪೃಷ್ಠ, ಬೆನ್ನಿನದು. ಗರಡಿಮನೆಯಲ್ಲಿ ದಂಡ, ಬಸ್ಕಿ ಹೊಡೆಸುತ್ತಿದ್ದದ್ದು ಸುಮ್ಮನೆ ಅಲ್ಲ.

'ತೋಳಿನ ಕೊಬ್ಬನ್ನಷ್ಟೇ ಇಳಿಸುತ್ತದೆ' ಎಂಬುದೂ ನಿಲ್ಲುವ ಮಾತಲ್ಲ. 1971ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಟೆನಿಸ್ ಆಟಗಾರರ ಎರಡೂ ಕೈಗಳನ್ನು ಅಳೆದರು. ಆಡುವ ಕೈಯ ಸ್ನಾಯು ದಪ್ಪವಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡರಲ್ಲೂ ಒಂದೇ. ಹಾಗಾಗಿ ತೋಳು ಹುರಿಗಟ್ಟಿದಂತೆ ಕಾಣಬೇಕಾದರೆ ಕೊಬ್ಬಿನ ಪದರವನ್ನು ಊಟ ಮತ್ತು ನಡಿಗೆ ಇಳಿಸಬೇಕು, ಅದರಡಿಯ ಸ್ನಾಯುವನ್ನು ಚೆಂಡು ಬೆಳೆಸಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ ಅಥವಾ ಅಂಥದ್ದೇ ಶ್ರಮ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಅದಾದ ಮೇಲೆ ಟಿವಿ ಮುಂದೆ ಕೂತು ಚೆಂಡು ತಿರುವಿ. ನಡೆಯುತ್ತಲೇ ತಿರುವುವ ಸಾಹಸ ನಮ್ಮ ಫುಟ್‌ಪಾತ್‌ಗಳ ಮೇಲೆ ಬೇಡ.

ನೋವು ಬಂದರೆ

ಮಾರನೆಯ ದಿನ ಮುಂಗೈಯಲ್ಲಿ ಹಿಂಡಿದಂಥ ಮೈಕೈ ನೋವು ಸಹಜ. ಹೆಬ್ಬೆರಳ ಬುಡದಲ್ಲಿ ಚುಚ್ಚಿದಂತಾದರೆ, ಮೊಣಕೈ ಹೊರಮಗ್ಗುಲಲ್ಲಿ ನೋವು ನಿಂತರೆ, ಬೆರಳು ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಿನ ಸಲ ಕಾರಣ ಚೆಂಡನ್ನು ಉಡದಂತೆ ಬಿಗಿ ಹಿಡಿಯುವುದು, ಇಲ್ಲವೇ ಮೀಟರಿನ ಅಂಕಿಯ ಹಿಂದೆ ಬೀಳುವುದು. ಕಾರ್ಪಲ್ ಟನಲ್ ತೊಂದರೆ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು), ಮಣಿಕಟ್ಟು ಮುರಿದ ಇತಿಹಾಸ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ತಿರುಗಿದಾಗ ದೀಪ ಹೊತ್ತುವ ಮಾದರಿಗಳಲ್ಲಿ ಆಯಸ್ಕಾಂತ ಇರುವುದರಿಂದ ಪೇಸ್‌ಮೇಕರ್ ಇರುವವರೂ ಅಷ್ಟೇ.

ಚೆಂಡಿನ ಆರೈಕೆ

ಸದ್ದು ಹೆಚ್ಚಾಯಿತೆಂದು ಕಾಲುವೆಗೆ ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಟ್ಟು ಚೆಂಡು ಕೆಡಿಸುವವರು ಬಹಳ. ಎಣ್ಣೆ ಬಿದ್ದರೆ ಅಚ್ಚು ಉರುಳದೆ ಜಾರುತ್ತದೆ, ಎಷ್ಟು ತಿರುವಿದರೂ ವೇಗ ಏರುವುದಿಲ್ಲ. ಹಾಗೆ ಆಗಿದ್ದರೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ತುಸು ಅದ್ದಿ, ಕಿಂಡಿಯ ಮೂಲಕ ನಿಲುಕುವಷ್ಟು ಕಾಲುವೆ ಮತ್ತು ಅಚ್ಚಿನ ತುದಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಚಿಪ್ಪು ಬಿರಿಯುತ್ತದೆ. ಗಾಲಿ ಓಡುತ್ತಿರುವಾಗ ಚೆಂಡು ನೆಲಕ್ಕೆ ಬಿದ್ದರೆ ಅಚ್ಚು ಬಾಗಬಹುದು. ಆಮೇಲೆ ಕೈಗೆ ಒಂದೇ ಸಮನೆ ನಡುಕ ಹತ್ತುತ್ತದೆ, ಅದಕ್ಕೆ ಮನೆಯಲ್ಲಿ ರಿಪೇರಿ ಇಲ್ಲ. ಆದ್ದರಿಂದ ಮಣಿಕಟ್ಟಿನ ಪಟ್ಟಿ ಕೊಟ್ಟಿದ್ದರೆ ಹಾಕಿಕೊಳ್ಳಿ, ಮೊದಲ ಕೆಲವು ದಿನ ಹಾಸಿಗೆಯ ಮೇಲೆ ಕೂತೇ ಕಲಿಯಿರಿ. ದಾರ ಕಳೆದರೆ ತೆಳ್ಳಗಿನ ದುಂಡು ಶೂ ಲೇಸ್ ಸಾಕು, ಅದರ ತುದಿಯ ಪ್ಲಾಸ್ಟಿಕ್ ಸಾಮಾನ್ಯವಾಗಿ ತೂತಿಗೆ ಹಿಡಿಸುತ್ತದೆ.