ಡೀಸೆಲ್ ಟ್ರಕ್ಕಿಗೆ ಮೆಕ್ಯಾನಿಕಲ್ ಫ್ಯೂಯೆಲ್ ಪ್ರೆಶರ್ ಗೇಜ್ ಕೂರಿಸುವುದು ಹೇಗೆ

ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ತಳ್ಳುವ ಲಿಫ್ಟ್ ಪಂಪ್ ಸಾಯುವಾಗ ಸದ್ದು ಮಾಡುವುದಿಲ್ಲ. ಗಾಡಿ ಎಂದಿನಂತೆ ಸ್ಟಾರ್ಟ್ ಆಗುತ್ತದೆ, ಎಂದಿನಂತೆ ಓಡುತ್ತದೆ, ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸುತ್ತದೆ. ಫಿಲ್ಟರ್ ಕಟ್ಟಿರಬೇಕು ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ಅಷ್ಟರಲ್ಲಿ ಆ ಡೀಸೆಲನ್ನು ಭಾರಿ ಒತ್ತಡದಲ್ಲಿ ಎಂಜಿನ್ನಿಗೆ ಕಳಿಸುವ ಇಂಜೆಕ್ಷನ್ ಪಂಪ್ ಅರೆಹೊಟ್ಟೆಯಲ್ಲಿ ದುಡಿದು ದುಡಿದು ಸವೆದಿರುತ್ತದೆ. ಯಾಕೆಂದರೆ ಆ ಪಂಪಿಗೆ ಡೀಸೆಲ್ ಬರೀ ಎಂಜಿನ್ನಿಗೆ ದಾಟಿಸುವ ಎಣ್ಣೆಯಲ್ಲ. ಅದನ್ನು ತಂಪಾಗಿಡುವುದೂ ಡೀಸೆಲ್ಲೇ, ಒಳಗಿನ ಭಾಗಗಳು ಉಜ್ಜಿಕೊಳ್ಳದಂತೆ ನೋಡಿಕೊಳ್ಳುವುದೂ ಡೀಸೆಲ್ಲೇ.

5.9 ಲೀಟರ್ ಕಮಿನ್ಸ್ 24 ವಾಲ್ವ್ ಎಂಜಿನ್ನಿನ ಬಾಷ್ ವಿಪಿ44 ಪಂಪನ್ನೇ ನೋಡಿ. ಅದರ ಓವರ್‌ಫ್ಲೋ ವಾಲ್ವ್ ತೆರೆಯುವುದು ಸುಮಾರು 14 ಪಿಎಸ್‌ಐಗೆ (ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ). ತೆರೆದಾಗ ಉಳಿಕೆ ಡೀಸೆಲ್ ಪಂಪಿನ ಒಳಗೆಲ್ಲ ಹಾದು, ಬಿಸಿ ಹೊತ್ತುಕೊಂಡು ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಪ್ರೆಶರ್ ಬಿದ್ದರೆ ಈ ಓಡಾಟವೂ ಬೀಳುತ್ತದೆ. ಈ ಗಾಡಿ ಓಡಿಸುವವರು ಇಟ್ಟುಕೊಂಡಿರುವ ಲೆಕ್ಕ ಸರಳ: ಐಡಲ್‌ನಲ್ಲಿ 10ಕ್ಕಿಂತ ಮೇಲಿರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದಾಗಲೂ 5ಕ್ಕಿಂತ ಕೆಳಗೆ ಇಳಿಯಬಾರದು. ಗೇಜ್ ಇಲ್ಲದೆ ಇದು ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ?

ಎಲೆಕ್ಟ್ರಿಕ್ ಗೇಜ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತೇನಿಲ್ಲ. ಆದರೆ ಒತ್ತಡ ಅಳೆದು ವೈರಿನಲ್ಲಿ ಗೇಜಿಗೆ ಕಳಿಸುವ ಅದರ ಸೆಂಡರ್ ಎಂಜಿನ್ ಮೇಲೇ ಕೂರುತ್ತದೆ, ಪಂಪಿನ ಪ್ರತಿ ಹೊಡೆತವೂ ಲೈನಿನಲ್ಲಿ ಓಡಿಬಂದು ಅದಕ್ಕೆ ಸುತ್ತಿಗೆ ಏಟಿನ ಹಾಗೆ ಬಡಿಯುತ್ತದೆ, ಕೊನೆಗೆ ಸೆಂಡರ್ ಹುಚ್ಚುಹುಚ್ಚಾಗಿ ತೋರಿಸಲು ಶುರುಮಾಡುತ್ತದೆ. ಮೆಕ್ಯಾನಿಕಲ್ ಗೇಜ್ ಒಳಗೆ ಇರುವುದು ಬಾಗಿದ ಒಂದು ಚಪ್ಪಟೆ ಲೋಹದ ಕೊಳವೆ. ಒತ್ತಡ ಬಂದಾಗ ಅದು ನೆಟ್ಟಗಾಗಲು ನೋಡುತ್ತದೆ, ಆ ಅಲುಗಾಟವೇ ಮುಳ್ಳನ್ನು ತಿರುಗಿಸುತ್ತದೆ. ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಇದು, ಇವತ್ತಿಗೂ ಅದೇ ನಡೆಯುತ್ತಿದೆ. ತೊಂದರೆ ಒಂದೇ. ಒತ್ತಡ ಗೇಜಿನವರೆಗೂ ಬರಬೇಕೆಂದರೆ ಅದನ್ನು ಹೊತ್ತು ತರುವ ಲೈನೂ ಬರಬೇಕು. ಡೀಸೆಲ್ ತುಂಬಿದ ಲೈನನ್ನು ಕ್ಯಾಬಿನ್ ಒಳಗೆ ತರಬಾರದು. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗಾಡಿಯ ಫ್ಯೂಯೆಲ್ ಲೈನ್ ಯಾವ ಥರದ್ದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಈ ಗೇಜ್ ಹಾಕುವುದು ಲಿಫ್ಟ್ ಪಂಪಿನಿಂದ ಇಂಜೆಕ್ಷನ್ ಪಂಪಿನವರೆಗಿನ ಕಡಿಮೆ ಒತ್ತಡದ ಕಡೆಗೆ ಮಾತ್ರ. ಕಾಮನ್ ರೈಲ್ ಎಂಜಿನ್ನಿನಲ್ಲಿ (ಭಾರಿ ಒತ್ತಡದ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವಂಥದ್ದು) ಇಂಜೆಕ್ಷನ್ ಪಂಪಿನ ಆಚೆ ಕಡೆ 1,600 ಬಾರ್, ಅದಕ್ಕೂ ಮೇಲೆ ಇರುತ್ತದೆ. ಅಂದರೆ 23,000 ಪಿಎಸ್‌ಐ ಮೇಲೆ. ಎಂಜಿನ್ ಓಡುವಾಗ ಆ ಪೈಪಿನ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಆ ಕಡೆ ಕೈ ಹಾಕುವುದೇ ಬೇಡ. ಇನ್ನೊಂದು ವಿಷಯ, ಕೆಲವು ಗಾಡಿಗಳಲ್ಲಿ ಲಿಫ್ಟ್ ಪಂಪೇ ಇರುವುದಿಲ್ಲ. ಇಂಜೆಕ್ಷನ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುತ್ತದೆ. ಅಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅಂಥ ಗಾಡಿಗೆ ವ್ಯಾಕ್ಯೂಮ್ ಗೇಜ್ ಬೇಕು, ಮಾಮೂಲಿ ಪ್ರೆಶರ್ ಗೇಜ್ ಹಾಕಿದರೆ ಮುಳ್ಳು ಸೊನ್ನೆ ಬಿಟ್ಟು ಏಳುವುದೇ ಇಲ್ಲ.

ಗೇಜಿನ ಅಳತೆ ಆರಿಸುವಾಗ, ಮಾಮೂಲಿ ರೀಡಿಂಗ್ ಡಯಲ್ಲಿನ ನಡುಭಾಗದಲ್ಲಿ ಬರುವಂಥದ್ದನ್ನು ತೆಗೆದುಕೊಳ್ಳಿ. 10-15 ಪಿಎಸ್‌ಐ ಗಾಡಿಗೆ 0-30ರ ಗೇಜ್ ಸರಿ. ಪಿ7100 ಪಂಪಿರುವ 12 ವಾಲ್ವ್ ಕಮಿನ್ಸ್‌ಗೆ ಒತ್ತಡ ಇದಕ್ಕಿಂತ ಜಾಸ್ತಿ, ಅದಕ್ಕೆ 0-60ರದು ಬೇಕು. 50-60 ಪಿಎಸ್‌ಐಗೆ ಓಡುವ ಎಲೆಕ್ಟ್ರಿಕ್ ಪಂಪಿನ ಗಾಡಿಗೆ 0-100. ದೊಡ್ಡದು ಇದ್ದರೆ ಒಳ್ಳೆಯದು ಅಂತ 15 ಪಿಎಸ್‌ಐ ಗಾಡಿಗೆ 100ರ ಗೇಜ್ ಹಾಕಿದರೆ 12ಕ್ಕೂ 8ಕ್ಕೂ ವ್ಯತ್ಯಾಸವೇ ಕಣ್ಣಿಗೆ ಕಾಣುವುದಿಲ್ಲ, ಎಲ್ಲಾ ಕಥೆ ಇರುವುದೇ ಆ ನಾಲ್ಕು ಪಿಎಸ್‌ಐನಲ್ಲಿ.

ಎಲ್ಲಿಂದ ಲೈನ್ ತೆಗೆಯಬೇಕು

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದೊಂದೇ. ಲಿಫ್ಟ್ ಪಂಪ್ ಪಕ್ಕದಲ್ಲೇ, ಫಿಲ್ಟರಿಗಿಂತ ಮೊದಲು ತೆಗೆಯುವುದು ಸುಲಭ. ಕೈ ಚೆನ್ನಾಗಿ ಹೋಗುತ್ತದೆ, ಜಾಗ ಇರುತ್ತದೆ. ಆದರೆ ಅಲ್ಲಿ ಸಿಗುವುದು ಲಿಫ್ಟ್ ಪಂಪಿನ ಸುದ್ದಿ ಮಾತ್ರ. ಮುಂದೆ ಫಿಲ್ಟರ್ ಕೆಸರು ತುಂಬಿ ಕಟ್ಟಿಕೊಂಡಿದ್ದರೂ ಗೇಜ್ 15 ತೋರಿಸುತ್ತಾ ಆರಾಮಾಗಿರುತ್ತದೆ, ಕಟ್ಟಿಕೊಂಡಷ್ಟೂ ಹಿಂದಿನ ಒತ್ತಡ ಇನ್ನೂ ಸ್ವಲ್ಪ ಏರಲೂಬಹುದು. ನಮಗೆ ಬೇಕಾಗಿರುವುದು ಇಂಜೆಕ್ಷನ್ ಪಂಪಿನ ಬಾಯಿಗೆ ಎಷ್ಟು ಬರುತ್ತಿದೆ ಅನ್ನುವುದು. ಹಾಗಾಗಿ ಫಿಲ್ಟರ್ ದಾಟಿದ ಮೇಲೆ, ಪಂಪಿನ ಇನ್‌ಲೆಟ್‌ನಲ್ಲಿರುವ ಬ್ಯಾಂಜೊ ಬೋಲ್ಟ್ (ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್) ಹತ್ತಿರವೇ ತೆಗೆಯಿರಿ.

ತಲೆಯಲ್ಲಿ 1/8 ಎನ್‌ಪಿಟಿ (ಅಮೆರಿಕದ ಪೈಪ್ ಅಳತೆ) ಥ್ರೆಡ್ ಇರುವ ಬ್ಯಾಂಜೊ ಬೋಲ್ಟ್ ರೆಡಿಮೇಡ್ ಸಿಗುತ್ತದೆ. ಹಳೆಯದನ್ನು ತೆಗೆದು ಇದನ್ನು ಹಾಕಿದರೆ ಆಯಿತು. ಹಳೆ ಬೋಲ್ಟಿನ ದಪ್ಪ ಮತ್ತು ಪಿಚ್ ಅಳೆದುಕೊಂಡು ಹೋಗಿ, ಅಂದಾಜಿನಲ್ಲಿ ತರಬೇಡಿ. ನೀವೇ ಮಾಡಿಕೊಳ್ಳುವುದಾದರೆ ಬೋಲ್ಟನ್ನು ವೈಸ್‌ಗೆ ಕಟ್ಟಿ, ತಲೆಯ ನಟ್ಟನಡುವೆ 8.7 ಮಿಲಿಮೀಟರ್ ಡ್ರಿಲ್ ಹಾಕಿ, ಆಮೇಲೆ ಟ್ಯಾಪ್ ಹೊಡೆಯಿರಿ. ಡ್ರಿಲ್ ತಲೆಯಷ್ಟು ದಪ್ಪಕ್ಕೇ ನಿಲ್ಲಲಿ. ಕೆಳಗಿನ ಕಾಂಡಕ್ಕೆ ಇಳಿದರೆ ಗೋಡೆ ತೆಳುವಾಗಿ, ಬಿಗಿ ಮಾಡುವಾಗ ತಲೆಯೇ ಕಿತ್ತುಬರುತ್ತದೆ. ಎನ್‌ಪಿಟಿ ಥ್ರೆಡ್ ಮೊನಚಾಗುತ್ತಾ ಹೋಗುವಂಥದ್ದು, ಟ್ಯಾಪನ್ನು ಪೂರ್ತಿ ಇಳಿಸಿದರೆ ಫಿಟ್ಟಿಂಗ್ ಬಿಗಿಯಾಗುವುದೇ ಇಲ್ಲ. ಸ್ವಲ್ಪ ಹೊಡೆಯಿರಿ, ಫಿಟ್ಟಿಂಗ್ ಹಾಕಿ ನೋಡಿ, ಮತ್ತೆ ಸ್ವಲ್ಪ. ತಲೆ ಚಿಕ್ಕದಿದ್ದರೆ ಈ ಸಾಹಸ ಬಿಟ್ಟು ರೆಡಿಮೇಡ್ ತನ್ನಿ.

ಥ್ರೆಡ್ ವಿಷಯ ಬಂತಲ್ಲ, ಇನ್ನೊಂದು ಬಲೆ ಇದೆ. 1/8 ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್. ಅದೇ ಅಳತೆಯ ಬಿಎಸ್‌ಪಿ (ಬ್ರಿಟಿಷ್ ಪೈಪ್) ಥ್ರೆಡ್‌ಗೆ 28. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಹೋಗಿಬಿಡುತ್ತದೆ, ಸರಿಯಾಗಿದೆ ಅನ್ನಿಸುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಜಿನುಗುತ್ತಲೇ ಇರುತ್ತದೆ. ಗೇಜ್, ವಾಲ್ವ್, ಹೋಸ್, ಬೋಲ್ಟ್ ಎಲ್ಲವೂ ಒಂದೇ ಜಾತಿಯದಾ ಅಂತ ಮೇಜಿನ ಮೇಲೇ ಜೋಡಿಸಿ ನೋಡಿಕೊಳ್ಳಿ.

ಹೋಸ್ ಮತ್ತು ನೀಡಲ್ ವಾಲ್ವ್

ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಷ್ಟು ಅಲ್ಲಾಡುವುದಿಲ್ಲ. ಹಾಗಾಗಿ ಬ್ಯಾಂಜೊ ಬೋಲ್ಟಿನಿಂದ ಹೊರಡುವ ಮೊದಲ ಒಂದಡಿ ಬಾಗುವ ಹೋಸೇ ಆಗಿರಬೇಕು. ಅಲ್ಲಿ ತಾಮ್ರದ ಪೈಪ್ ಹಾಕಿದರೆ ಅಲ್ಲಾಡಿ ಅಲ್ಲಾಡಿ ಒಂದು ದಿನ ಸೀಳುತ್ತದೆ. ಡೀಸೆಲ್ ತಡೆಯುವ ಹೆಣೆದ ಹೋಸ್ ಒಳ್ಳೆಯದು. ಬಹಳ ಜನ ಗ್ರೀಸ್ ಗನ್ ಹೋಸ್ ಹಾಕುತ್ತಾರೆ, ಅದರ ಎರಡೂ ತುದಿಗೆ ಸಾಮಾನ್ಯವಾಗಿ 1/8 ಥ್ರೆಡ್ ಇರುವುದರಿಂದ ಕೆಲಸ ಸಲೀಸು. ಅಗ್ಗದ ಗೇಜ್ ಜೊತೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಎಂಜಿನ್ ಹತ್ತಿರ ತರಬೇಡಿ. ಬಿಸಿಗೆ ಗಟ್ಟಿಯಾಗಿ ಒಡೆಯುತ್ತದೆ, ಒಡೆದು ಡೀಸೆಲ್ ಬಿಸಿ ಟರ್ಬೊ ಮೇಲೆ ಬಿದ್ದರೆ ಬೆಂಕಿ.

ಈ ಹೋಸಿನ ಆಚೆ ತುದಿಗೆ, ಬಾಡಿಗೆ ಕ್ಲ್ಯಾಂಪ್ ಮಾಡಿದ ಜಾಗದಲ್ಲಿ, ಸೂಜಿಮೊನೆಯಿಂದ ದಾರಿಯನ್ನು ಬೇಕಾದಷ್ಟೇ ಸಣ್ಣದು ಮಾಡುವ ನೀಡಲ್ ವಾಲ್ವ್ ಕೂರಿಸಿ. ಇದನ್ನು ಬಿಡಬೇಡಿ. ನಾನು ಮೊದಲ ಸಲ ಹಾಕಿದಾಗ ಅದೊಂದು ಸಣ್ಣ ವಾಲ್ವಿಗೆ ಯಾಕೆ ಖರ್ಚು ಅಂತ ಬಿಟ್ಟಿದ್ದೆ. ಸ್ಟಾರ್ಟ್ ಮಾಡಿದ್ದೇ ತಡ, ಮುಳ್ಳು ಚಳಿಜ್ವರ ಬಂದವರ ಹಾಗೆ ನಡುಗಲು ಶುರುವಾಯಿತು, 5ಕ್ಕೂ 20ಕ್ಕೂ ನಡುವೆ ಏನಿದೆ ಅಂತಲೇ ಗೊತ್ತಾಗಲಿಲ್ಲ, ಕೆಲವೇ ತಿಂಗಳಲ್ಲಿ ಗೇಜಿನ ಒಳಗಿನ ಹಲ್ಲು ಸವೆದು ಹೋಯಿತು. ವಾಲ್ವನ್ನು ಕೂದಲೆಳೆಯಷ್ಟು ಮಾತ್ರ ತೆರೆದಿಟ್ಟರೆ ಸರಾಸರಿ ಒತ್ತಡ ದಾಟುತ್ತದೆ, ಹೊಡೆತ ದಾಟುವುದಿಲ್ಲ. ದಾರಿಯಲ್ಲಿ ಗೇಜ್ ಲೈನ್ ಎಲ್ಲಾದರೂ ಸೋರಿದರೆ ಇದನ್ನೇ ಮುಚ್ಚಿ ಮನೆ ಸೇರಬಹುದು.

ಕ್ಯಾಬಿನ್ ಒಳಗೆ ಡೀಸೆಲ್ ಬರದ ಹಾಗೆ

ಎರಡು ದಾರಿ ಇವೆ. ಒಂದು, ಗೇಜನ್ನೇ ಹೊರಗೆ, ಮುಂದಿನ ಗಾಜಿನ ಬುಡದಲ್ಲಿ ಕೂತಲ್ಲಿಂದ ಕಾಣುವ ಹಾಗೆ ಹಾಕುವುದು. ಮಳೆ ಬಿಸಿಲು ತಡೆಯುವ ಗೇಜ್ ಬೇಕು, ನೋಡಲು ಅಷ್ಟು ಚೆಂದ ಇರುವುದಿಲ್ಲ. ಆದರೆ ತಾಪತ್ರಯ ಕಮ್ಮಿ. ಇನ್ನೊಂದು, ಐಸೊಲೇಟರ್ ಹಾಕುವುದು. ಐಸೊಲೇಟರ್ ಅಂದರೆ ನಡುವೆ ರಬ್ಬರ್ ಪೊರೆ ಇರುವ ಡಬ್ಬಿ. ಪೊರೆಯ ಒಂದು ಕಡೆ ಡೀಸೆಲ್, ಇನ್ನೊಂದು ಕಡೆ ಕೂಲಂಟ್ ಮತ್ತು ನೀರು ಅರ್ಧರ್ಧ. ಒತ್ತಡ ದಾಟುತ್ತದೆ, ಡೀಸೆಲ್ ದಾಟುವುದಿಲ್ಲ. ಡಬ್ಬಿ ಫೈರ್‌ವಾಲ್‌ನ, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ, ಎಂಜಿನ್ ಕಡೆಗೇ ಇರಬೇಕು, ಅಲ್ಲಿಂದ ಒಳಗೆ ಬರುವುದು ಬರೀ ಕೂಲಂಟ್ ಲೈನ್.

ಐಸೊಲೇಟರ್ ತುಂಬುವುದು ತಾಳ್ಮೆಯ ಕೆಲಸ. ಸಿರಿಂಜ್‌ನಲ್ಲಿ ನಿಧಾನವಾಗಿ ತುಂಬಿ, ಲೈನನ್ನು ಮೇಲಕ್ಕೆ ಎತ್ತಿ ಹಿಡಿದು ಬೆರಳಲ್ಲಿ ತಟ್ಟುತ್ತಾ ಗುಳ್ಳೆಗಳನ್ನೆಲ್ಲ ಹೊರಡಿಸಿ, ಗೇಜಿನ ಬಾಯಿಯವರೆಗೂ ತುಂಬಿ ಸೇರಿಸಿ. ಒಳಗೆ ಗಾಳಿ ಉಳಿದರೆ ಪೊರೆ ಆ ಗಾಳಿಯನ್ನು ಅಮುಕುತ್ತಾ ತನ್ನ ಕೊನೆ ಮುಟ್ಟುತ್ತದೆ, ಅಲ್ಲಿಂದಾಚೆ ಒತ್ತಡ ಏರಿದರೂ ಮುಳ್ಳು ಏರುವುದಿಲ್ಲ. ಹೊಸ ಲಿಫ್ಟ್ ಪಂಪ್ ಹಾಕಿಯೂ ಗೇಜ್ 6ರ ಮೇಲೆ ಏಳುತ್ತಿಲ್ಲ ಅಂತ ತಲೆ ಕೆಡಿಸಿಕೊಂಡರೆ, ಮೊದಲು ಈ ಗಾಳಿಯನ್ನೇ ಅನುಮಾನಿಸಿ. ಕೂಲಂಟ್ ವಿಷ, ಚೆಲ್ಲಿದ್ದನ್ನು ಒರೆಸಿಬಿಡಿ, ನಾಯಿ ಬೆಕ್ಕು ನೆಕ್ಕುತ್ತವೆ.

ಎತ್ತರದ ಲೆಕ್ಕವೂ ಸ್ವಲ್ಪ ಇದೆ. ಪಂಪಿಗಿಂತ ಗೇಜ್ ಅರ್ಧ ಮೀಟರ್ ಮೇಲಿದ್ದರೆ ಲೈನಿನ ದ್ರವದ ಭಾರಕ್ಕೇ 0.6-0.7 ಪಿಎಸ್‌ಐ ಕಡಿಮೆ ತೋರಿಸುತ್ತದೆ. ತಲೆ ಕೆಡಿಸಿಕೊಳ್ಳುವಷ್ಟಲ್ಲ.

ಬಿಚ್ಚುವುದು, ಜೋಡಿಸುವುದು

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಳಗೆ ಟ್ರೇ ಇಡಿ, ಡೀಸೆಲ್ ಸುರಿಯುತ್ತದೆ. ಬೋಲ್ಟಿಗೆ ಪಾನಾ ಹಾಕುವ ಮೊದಲು ಸುತ್ತಲಿನ ಮಣ್ಣು, ಜಿಡ್ಡನ್ನು ಬ್ರಷ್ ಹಾಕಿ ತೊಳೆದು ಒರೆಸಿ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ನಾವು ಬಿಚ್ಚುತ್ತಿರುವುದು ಫಿಲ್ಟರ್ ದಾಟಿದ ಜಾಗ. ಇಲ್ಲಿ ಬಿದ್ದ ಒಂದು ಮರಳಿನ ಕಣ, ಒಂದು ಚೂರು ಲೋಹ ನೇರ ಇಂಜೆಕ್ಷನ್ ಪಂಪಿನ ಹೊಟ್ಟೆಗೆ ಹೋಗುತ್ತದೆ, ತಡೆಯುವವರು ಯಾರೂ ಇಲ್ಲ. ಅದೇ ಕಾರಣಕ್ಕೆ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆಗಳು ಹರಿದು ಒಳಗೆ ಸೇರುತ್ತವೆ. ಡೀಸೆಲ್‌ಗೆ ತಡೆಯುವ ಪೇಸ್ಟ್ ಸೀಲಂಟ್ ಹಚ್ಚಿ, ತುದಿಯ ಎರಡು ಥ್ರೆಡ್ ಬಿಟ್ಟು ಹಚ್ಚಿ.

ಬ್ಯಾಂಜೊ ಬೋಲ್ಟಿನ ಎರಡೂ ಕಡೆ ಹೊಸ ತಾಮ್ರದ ವಾಷರ್ ಹಾಕಿ. ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ತಣ್ಣಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಒಂದು ಸಲಕ್ಕೆ ನಡೆಯುತ್ತದೆ. ಬಿಗಿ ಮಾಡುವಾಗ ಮ್ಯಾನುಯಲ್ ಹೇಳಿದಷ್ಟೇ, ಉದ್ದದ ಪೈಪ್ ಹಾಕಿ ಎಳೆಯಬೇಡಿ.

ಲೈನನ್ನು ಎಕ್ಸಾಸ್ಟ್, ಟರ್ಬೊ, ಫ್ಯಾನ್, ಸ್ಟೀರಿಂಗ್ ಶಾಫ್ಟ್ ಇವುಗಳಿಂದ ದೂರ ಎಳೆದು ಕ್ಲ್ಯಾಂಪ್ ಮಾಡಿ. ಫೈರ್‌ವಾಲ್ ತೂತಿಗೆ ರಬ್ಬರ್ ಗ್ರಾಮೆಟ್ ಬೇಕೇ ಬೇಕು, ಇಲ್ಲದಿದ್ದರೆ ತಗಡಿನ ಅಂಚು ಲೈನನ್ನು ಕೊಯ್ಯುತ್ತದೆ. ಗೇಜಿನ ಬಲ್ಬಿಗೆ ಡ್ಯಾಶ್ ಲೈಟಿನ ವೈರಿನಿಂದ ಕನೆಕ್ಷನ್ ಕೊಡಿ.

ಸ್ಟಾರ್ಟ್ ಮಾಡಿ ನೋಡುವುದು

ನೀಡಲ್ ವಾಲ್ವ್ ಮುಚ್ಚಿಡಿ. ಬ್ಯಾಟರಿ ಸೇರಿಸಿ, ಲಿಫ್ಟ್ ಪಂಪ್ ಓಡಿಸಿ ಏರ್ ತೆಗೆಯಿರಿ. ಎಲೆಕ್ಟ್ರಿಕ್ ಪಂಪಾದರೆ ಕೀ ಆನ್ ಮಾಡಿದಾಗ ಅಥವಾ ಸ್ಟಾರ್ಟರ್ ಒಮ್ಮೆ ಮುಟ್ಟಿಬಿಟ್ಟಾಗ ಸ್ವಲ್ಪ ಹೊತ್ತು ಓಡುತ್ತದೆ, ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಸ್ಟಾರ್ಟ್ ಆದ ಮೇಲೆ ಒಣ ಟಿಶ್ಯೂ ಪೇಪರಿನಿಂದ ಒಂದೊಂದು ಜೋಡಣೆಯನ್ನೂ ಒರೆಸಿ ನೋಡಿ, ಕಣ್ಣಿಗೆ ಕಾಣದ ಜಿನುಗು ಪೇಪರಿನಲ್ಲಿ ಕಾಣುತ್ತದೆ. ಎಲ್ಲಾ ಒಣಗಿದ್ದರೆ ವಾಲ್ವನ್ನು ಮೆಲ್ಲಗೆ ಬಿಡಿ. ಮುಳ್ಳು ನಡುಗದೆ, ನೀವು ಆಕ್ಸಿಲರೇಟರ್ ತುಳಿದಾಗ ಅರೆ ಕ್ಷಣ ತಡವಾಗಿ ಹಿಂಬಾಲಿಸುವಷ್ಟಕ್ಕೆ ನಿಲ್ಲಿಸಿ, ಲಾಕ್ ನಟ್ ಇದ್ದರೆ ಬಿಗಿ ಮಾಡಿ.

ಐಡಲ್ ರೀಡಿಂಗ್ ನೋಡಿ ಖುಷಿಪಡಬೇಡಿ. ಐಡಲ್‌ನಲ್ಲಿ ಎಂಜಿನ್ ಕುಡಿಯುವುದೇ ಸ್ವಲ್ಪ, ಸಾಯುತ್ತಿರುವ ಪಂಪ್ ಕೂಡ ಅಷ್ಟು ಕೊಡುತ್ತದೆ. ಲೋಡ್ ಹಾಕಿ, ಏರಿನಲ್ಲಿ ಪೂರ್ತಿ ತುಳಿದಾಗ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಬೇಕು, ಪಕ್ಕದಲ್ಲಿ ಕೂತವರು ನೋಡಿದರೆ ಒಳ್ಳೆಯದು. ಐಡಲ್ ಚೆನ್ನಾಗಿದ್ದು ಲೋಡ್‌ನಲ್ಲಿ ಕುಸಿದರೆ ಮೊದಲು ಫಿಲ್ಟರ್ ಬದಲಿಸಿ ಮತ್ತೆ ನೋಡಿ. ಆಗಲೂ ಕುಸಿದರೆ ಟ್ಯಾಂಕಿನಿಂದ ಬರುವ ಲೈನ್ ಕಟ್ಟಿದೆಯಾ ನೋಡಿ, ಅದೂ ಸರಿ ಇದ್ದರೆ ಲಿಫ್ಟ್ ಪಂಪೇ. ಸುಮ್ಮನಿದ್ದ ಮುಳ್ಳು ಮತ್ತೆ ನಡುಗಲು ಶುರುವಾದರೆ, ಎಲ್ಲೋ ಏರ್ ಎಳೆಯುತ್ತಿದೆಯಾ ಅಂತ ಹುಡುಕಿ. ಹೊಸ ಫಿಲ್ಟರ್ ಹಾಕಿದ ದಿನದ ಎರಡೂ ರೀಡಿಂಗನ್ನು ಒಂದು ಚೀಟಿಯಲ್ಲಿ ಬರೆದು ಸನ್ ವೈಸರ್‌ಗೆ ಅಂಟಿಸಿಡಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಬೆಳಿಗ್ಗೆ ಕೀ ಹಾಕುವ ಮೊದಲು ಗೇಜ್ ಕಡೆ ನೋಡಿ. ಡೀಸೆಲ್ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಇರುವ ಗಾಡಿಯಲ್ಲಿ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಒತ್ತಡ ನಿಂತಿರಬಹುದು, ಆದರೆ ರಾತ್ರಿ ಕಳೆದ ಮೇಲೆ ಮುಳ್ಳು ಸೊನ್ನೆಗೆ ಬಂದಿರಬೇಕು. ಇನ್ನೂ 12 ಅಂತ ನಿಂತಿದ್ದರೆ ನೀಡಲ್ ವಾಲ್ವ್ ಅಲ್ಲಾಟಕ್ಕೆ ತಾನೇ ಮುಚ್ಚಿಕೊಂಡಿದೆ, ನೀವು ನೋಡುತ್ತಿರುವುದು ನಿನ್ನೆಯ ಒತ್ತಡ.