ಮೂಗಿಗೆ ಭಾರವಾಗದ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಆರಿಸುವುದು ಹೇಗೆ?

ನನ್ನ ಹಳೆಯ ಕೂಲಿಂಗ್ ಗ್ಲಾಸ್ ಅನ್ನು ಒಂದು ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ. 43 ಗ್ರಾಂ ಇತ್ತು. ಈಗ ಹಾಕುತ್ತಿರುವುದು 22 ಗ್ರಾಂ. ಕೈಯಲ್ಲಿ ಹಿಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮೂಗಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಾನು ವಾರಕ್ಕೆ ಮೂರು ದಿನ ಸೈಕಲ್ ತುಳಿಯುತ್ತೇನೆ. ಒಂದೊಂದು ಸಲ ನಾಲ್ಕು ಗಂಟೆ ಬಿಸಿಲಲ್ಲೇ ಇರುತ್ತೇನೆ. ಆ ಹಳೆಯ ಜೋಡಿ ಬೆವರಿಗೆ ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು. ಒಂದು ಕೈ ಹ್ಯಾಂಡಲ್ ಬಿಟ್ಟು ಮೇಲಕ್ಕೆ ತಳ್ಳುವುದು, ಐದು ನಿಮಿಷಕ್ಕೆ ಮತ್ತೆ ಜಾರುವುದು. ಕೊನೆಗೆ ಸಾಕಾಗಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹಾಗೆ ಜೇಬಿಗೆ ಹಾಕಿಕೊಂಡ ಒಂದು ದಿನ ಮಳೆ ನಿಂತು ಬಿಸಿಲು ಬಿತ್ತು. ಎದುರಿನ ಒದ್ದೆ ರಸ್ತೆ ಕನ್ನಡಿಯ ಹಾಗೆ ಹೊಳೆಯತೊಡಗಿತು. ಆ ಹೊಳಪಿನೊಳಗೆ ಒಂದು ಗುಂಡಿ ಇತ್ತು, ನನಗೆ ಕಾಣಲೇ ಇಲ್ಲ. ಮೊಣಕೈ ತರಚಿತು, ಮುಂದಿನ ಚಕ್ರ ಸೊಟ್ಟಗಾಯಿತು.

ಅದಾದ ಮೇಲೆ ಹಲವು ಜೋಡಿ ಹಾಕಿ ನೋಡಿದ್ದೇನೆ, ಸರಿಯಾಗಿ ಕೂತು ಓದಿದ್ದೇನೆ. ಹೊರಗಡೆ ಓಡಾಡುವವರು ಮೊದಲು ನೋಡಬೇಕಾದದ್ದು, ಈ ಕನ್ನಡಕ ದಿನವಿಡೀ ಮುಖದ ಮೇಲೆ ಉಳಿಯುತ್ತದೆಯೇ ಅನ್ನುವುದನ್ನು. ಗ್ಲಾಸ್ ಎಷ್ಟೇ ಒಳ್ಳೆಯದಿರಲಿ, ಕಿರಿಕಿರಿಯಾದರೆ ನಾವು ತೆಗೆದೇ ತೆಗೆಯುತ್ತೇವೆ.

ಪೋಲರೈಸ್ಡ್ ಅಂದರೆ ಏನು ಅಂತ ಸ್ವಲ್ಪ ಗೊತ್ತಿದ್ದರೆ ಆರಿಸುವುದು ಸುಲಭ. ಬಿಸಿಲಿನ ಬೆಳಕು ಎಲ್ಲ ದಿಕ್ಕಿಗೂ ಅಲುಗುತ್ತಾ ಬರುತ್ತದೆ. ನೀರು, ಒದ್ದೆ ಡಾಂಬರಿನಂಥ ಮಟ್ಟಸ ಜಾಗಕ್ಕೆ ಬಡಿದು ಚಿಮ್ಮಿದಾಗ, ಅದರಲ್ಲಿ ಅಡ್ಡಡ್ಡ ಅಲುಗುವ ಬೆಳಕೇ ಜಾಸ್ತಿ ಇರುತ್ತದೆ. ಕಣ್ಣು ಕೋರೈಸುವುದು ಅದೇ. ಪೋಲರೈಸ್ಡ್ ಗ್ಲಾಸಿನೊಳಗೆ ಒಂದು ತೆಳು ಪದರ ಇರುತ್ತದೆ. ಅದು ಅಡ್ಡ ಬೆಳಕನ್ನು ತಡೆದು ನೆಟ್ಟಗೆ ಅಲುಗುವ ಬೆಳಕನ್ನು ಮಾತ್ರ ಬಿಡುತ್ತದೆ. ಇಂಥ ಪದರವನ್ನು ಹಾಳೆಯ ಹಾಗೆ ತಯಾರಿಸುವ ದಾರಿ ಕಂಡುಕೊಂಡು 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಅಮೆರಿಕದ ಎಡ್ವಿನ್ ಲ್ಯಾಂಡ್. ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ಈಗ ಜನ ಜಾಸ್ತಿ ಮೋಸ ಹೋಗುವ ಜಾಗಕ್ಕೆ ಬರೋಣ. ಪೋಲರೈಸ್ಡ್ ಬೇರೆ, ಯುವಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆ ಬೇರೆ, ಕಪ್ಪು ಬಣ್ಣ ಬೇರೆ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇರಲೇಬೇಕು ಅಂತೇನಿಲ್ಲ. ಯುವಿ ತಡೆಯದ ಗ್ಲಾಸ್ ಕಡುಕಪ್ಪಗಿದ್ದರೆ ಇನ್ನೂ ಅಪಾಯ. ಕತ್ತಲಾಯಿತು ಅಂದುಕೊಂಡು ಕಣ್ಣಿನ ಪಾಪೆ ಅಗಲವಾಗುತ್ತದೆ, ಆ ಅಗಲದಲ್ಲಿ ಯುವಿ ಕಿರಣ ಸರಾಗವಾಗಿ ಒಳಗೆ ಹೋಗುತ್ತದೆ. ಅದಕ್ಕೇ ‘ಯುವಿ 400’ ಅಂತ ಬರೆದಿದೆಯಾ ನೋಡಿ. 400 ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಅಂತ ಅದರ ಅರ್ಥ. ಇದನ್ನು ಬರಿಗಣ್ಣಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ಕನ್ನಡಕದವರಲ್ಲಿ ಯುವಿ ಅಳೆಯುವ ಪುಟ್ಟ ಯಂತ್ರ ಇದ್ದರೆ ಅದರಲ್ಲಿ ಇಟ್ಟು ತೋರಿಸಿ ಅಂತ ಕೇಳಿ. ಸಂಕೋಚ ಬೇಡ, ಕಣ್ಣು ನಿಮ್ಮದು.

ಎಷ್ಟು ಕಪ್ಪಿರಬೇಕು ಅನ್ನುವುದಕ್ಕೂ ಅಳತೆ ಇದೆ. ಕಡ್ಡಿಯ ಒಳಬದಿಯಲ್ಲಿ ‘ಕ್ಯಾಟಗರಿ’ ಅಥವಾ ಅದರ ಚಿಕ್ಕ ರೂಪದ ಜೊತೆ 0ಯಿಂದ 4ರವರೆಗಿನ ಒಂದು ಅಂಕಿ ಇರಬಹುದು. 2 ಇದ್ದರೆ ಬೆಳಕಿನಲ್ಲಿ ಶೇ. 18ರಿಂದ 43ರಷ್ಟು ಒಳಗೆ ಬರುತ್ತದೆ. 3 ಇದ್ದರೆ ಶೇ. 8ರಿಂದ 18. ಬಯಲಿನ ಬಿಸಿಲಿಗೆ 3 ಸರಿ. ಮರದ ನೆರಳು, ಬಿಸಿಲು, ಮತ್ತೆ ನೆರಳು ಅಂತ ಬದಲಾಗುವ ದಾರಿಯಾದರೆ ನನಗೆ 2 ಹಿತ. 4 ಅನ್ನುವುದು ಹಿಮದ ಬೆಟ್ಟದಂಥ ಜಾಗಕ್ಕೆ. ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು.

ತೂಕದ ವಿಷಯ. ಗಾಜಿನ ಲೆನ್ಸ್‌ನಲ್ಲಿ ನೋಟ ಸ್ವಚ್ಛ, ಗೀರು ಬೀಳುವುದೂ ಕಡಿಮೆ. ಆದರೆ ಅದು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗಿಂತ ಹತ್ತಿರ ಹತ್ತಿರ ಎರಡರಷ್ಟು ಭಾರ, ಬಿದ್ದರೆ ಒಡೆಯುತ್ತದೆ. ಸೈಕಲ್, ಓಟ, ಚಾರಣಕ್ಕೆ ಗಾಜು ಬೇಡವೇ ಬೇಡ. ಪಾಲಿಕಾರ್ಬೊನೇಟ್ ಹಗುರ, ಕಲ್ಲು ಸಿಡಿದರೂ ತಡೆದುಕೊಳ್ಳುತ್ತದೆ. ಗೀರು ಮಾತ್ರ ಬೇಗ ಬೀಳುತ್ತದೆ, ಹಾಗಾಗಿ ಮೇಲೆ ಗಟ್ಟಿ ಲೇಪನ ಇದೆಯಾ ಕೇಳಿಕೊಳ್ಳಿ. ಟ್ರೈವೆಕ್ಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಇನ್ನೂ ತುಸು ಹಗುರ, ನೋಟವೂ ಅದಕ್ಕಿಂತ ಸ್ಪಷ್ಟ. ಕಡಿಮೆ ಬೆಲೆಯ ಜೋಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಟಿಎಸಿ ಅನ್ನುವ ಪದರ ಪದರದ ಲೆನ್ಸ್. ತುಂಬಾ ಹಗುರ. ಆದರೆ ತೀರಾ ತೆಳ್ಳಗಿದ್ದರೆ ಬಾಗಿ, ನೋಟ ಅಲೆಅಲೆಯಾಗುತ್ತದೆ. ಕನ್ನಡಕವನ್ನು ಕೈ ಚಾಚಿ ಹಿಡಿದು, ಒಂದು ಲೆನ್ಸಿನ ಮೂಲಕ ಬಾಗಿಲ ಚೌಕಟ್ಟಿನ ಅಂಚನ್ನು ನೋಡಿ, ಮೆಲ್ಲಗೆ ಆಚೆ ಈಚೆ ಸರಿಸಿ. ಲೆನ್ಸಿನ ನಡುಭಾಗದಲ್ಲಿ ಆ ಗೆರೆ ಹಾವಿನ ಹಾಗೆ ಬಳುಕಿದರೆ ಬೇಡ. ಅಂಥದ್ದನ್ನು ಹಾಕಿದರೆ ಸಂಜೆಯೊಳಗೆ ತಲೆನೋವು ಬರುತ್ತದೆ.

ಫ್ರೇಮಿಗೆ ಟಿಆರ್ 90 ಅನ್ನುವ ನೈಲಾನ್ ಜಾತಿಯ ಪ್ಲಾಸ್ಟಿಕ್ ನನ್ನ ಆಯ್ಕೆ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನ ಹಾಗೆ ನಿಲ್ಲುತ್ತದೆ. ಟೈಟಾನಿಯಂ ಕೂಡ ಒಳ್ಳೆಯದು, ಉಕ್ಕಿನ ಅರ್ಧಕ್ಕಿಂತ ತುಸು ಜಾಸ್ತಿ ತೂಕ ಅಷ್ಟೇ, ಬೆವರಿಗೆ ತುಕ್ಕೂ ಹಿಡಿಯುವುದಿಲ್ಲ.

ಇನ್ನು ಹಾಕಿ ನೋಡುವುದು. ಇಲ್ಲಿ ಆತುರ ಮಾಡಬೇಡಿ. ಕನ್ನಡಿ ನೋಡುವ ಮೊದಲು ತಲೆ ಬಗ್ಗಿಸಿ ನೆಲ ನೋಡಿ, ಬೇಡ ಅನ್ನುವ ಹಾಗೆ ತಲೆ ಜೋರಾಗಿ ಅಲ್ಲಾಡಿಸಿ. ಕದಲಬಾರದು. ಆಮೇಲೆ ಬಾಯಿ ತುಂಬ ನಗಿ. ಕೆನ್ನೆ ಉಬ್ಬಿ ಫ್ರೇಮನ್ನು ಮೇಲೆತ್ತಿದರೆ ಆ ಅಳತೆ ನಿಮ್ಮದಲ್ಲ. ಕಣ್ಣು ಪಟಪಟ ಮಿಟುಕಿಸಿ, ರೆಪ್ಪೆಕೂದಲು ಲೆನ್ಸಿಗೆ ತಾಗಿದರೆ ದಿನವಿಡೀ ಜಿಡ್ಡಿನ ಗೆರೆ ಒರೆಸುತ್ತಾ ಕೂರಬೇಕಾಗುತ್ತದೆ. ಕಡ್ಡಿಗಳು ಕಿವಿಯ ಹಿಂದೆ ಹಿಡಿದುಕೊಳ್ಳಬೇಕು, ಕಣತಲೆಯನ್ನು ಒತ್ತಬಾರದು. ಹೆಲ್ಮೆಟ್ ಅಥವಾ ಟೋಪಿ ಹಾಕುವವರು ಅದನ್ನೂ ತೆಗೆದುಕೊಂಡು ಹೋಗಿ. ನನಗೆ ಇಷ್ಟವಾಗಿದ್ದ ಒಂದು ಜೋಡಿಯ ಕಡ್ಡಿ ಹೆಲ್ಮೆಟ್ ಪಟ್ಟಿಗೆ ಸಿಕ್ಕಿ ಮೇಲೇಳುತ್ತಿತ್ತು. ಮನಸ್ಸಿಲ್ಲದೆ ಬಿಟ್ಟು ಬಂದೆ. ಮೂಗಿನ ಬಳಿ ರಬ್ಬರಿನ ಹಾಗಿರುವ ಮೆತ್ತನೆಯ ಪ್ಯಾಡ್ ಇದ್ದರೆ ಬೆವರಿದಾಗಲೂ ಹಿಡಿತ ಇರುತ್ತದೆ. ಕೊನೆಗೆ ಹತ್ತು ನಿಮಿಷ ಹಾಕಿಕೊಂಡೇ ಓಡಾಡಿ.

ಪೋಲರೈಸ್ಡ್ ಹೌದೋ ಅಲ್ಲವೋ ಅಂತ ನೀವೇ ನೋಡಬಹುದು. ನಾನು ಒಮ್ಮೆ ಬರೀ ಚೀಟಿ ನಂಬಿ ಕೊಂಡೆ. ಮನೆಗೆ ಬಂದು ಗೆಳೆಯನ ಪೋಲರೈಸ್ಡ್ ಕನ್ನಡಕವನ್ನು ನನ್ನದರ ಮುಂದೆ ಹಿಡಿದು, ಕಿಟಕಿಯ ಕಡೆ ನೋಡುತ್ತಾ ನಿಧಾನಕ್ಕೆ ತಿರುಗಿಸಿದೆ. ಎರಡೂ ಪೋಲರೈಸ್ಡ್ ಆಗಿದ್ದರೆ, ಒಂದು ಮಲಗಿದಂತೆ ಇನ್ನೊಂದು ನಿಂತಂತೆ ಬಂದಾಗ, ಲೆನ್ಸ್ ಮೇಲೆ ಲೆನ್ಸ್ ಬಿದ್ದ ಜಾಗ ಕಪ್ಪಾಗಬೇಕು. ನನ್ನದು ಪೂರ್ತಿ ಸುತ್ತು ತಿರುಗಿಸಿದರೂ ಹಾಗೇ ಇತ್ತು. ಸುಮ್ನೆ ಬಣ್ಣದ ಪ್ಲಾಸ್ಟಿಕ್. ಎರಡನೇ ಜೋಡಿ ಇಲ್ಲದಿದ್ದರೆ ಕ್ಯಾಲ್ಕುಲೇಟರ್ ಸಾಕು. ಅದರ ಪರದೆಯನ್ನು ಲೆನ್ಸಿನ ಮೂಲಕ ನೋಡುತ್ತಾ ಕನ್ನಡಕ ತಿರುಗಿಸಿ, ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಮೊಬೈಲ್ ಇದಕ್ಕೆ ನಂಬಿಕೆಗೆ ಸಾಲದು, ಕೆಲವು ಫೋನುಗಳ ಪರದೆ ಕಪ್ಪಾಗುವುದೇ ಇಲ್ಲ.

ಇವೆಲ್ಲಕ್ಕಿಂತ ನನಗಿಷ್ಟ ನೀರಿನ ಪರೀಕ್ಷೆ. ಬಿಸಿಲು ಬಿದ್ದು ಹೊಳೆಯುತ್ತಿರುವ ಒಂದು ಮಳೆನೀರಿನ ಹೊಂಡ ಹುಡುಕಿ. ಕಾಲಬುಡದ ನೀರನ್ನು ನೋಡಬೇಡಿ, ಎರಡು ಮೀಟರ್ ಆಚೆಯದನ್ನು ನೋಡಿ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿಂದ ನೋಡಿದಾಗ ಹೊಳಪು ಹೆಚ್ಚುಕಡಿಮೆ ಪೂರ್ತಿ ಅಡ್ಡ ಬೆಳಕಾಗಿರುತ್ತದೆ. ನಿಂತವರ ಕಣ್ಣಿನ ಎತ್ತರಕ್ಕೆ ಅದು ಎರಡು ಮೀಟರ್ ದೂರಕ್ಕೆ ಬೀಳುತ್ತದೆ. ಕನ್ನಡಕ ಹಾಕಿದ ಕೂಡಲೇ ಬಿಳಿ ಹೊಳಪು ಮಾಯವಾಗಿ, ತಳದ ಎಲೆ, ಕಲ್ಲು, ಕೆಸರು ಕಾಣುತ್ತದೆ. ತಲೆಯನ್ನು ಭುಜದ ಕಡೆ ವಾಲಿಸಿದರೆ ಹೊಳಪು ತಿರುಗಿ ಬರುತ್ತದೆ, ನೆಟ್ಟಗಾದರೆ ಹೋಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ರಸ್ತೆಯಲ್ಲೇ ನಿಂತು ಎಷ್ಟು ಸಲ ತಲೆ ವಾಲಿಸಿದೆನೋ ಲೆಕ್ಕವಿಲ್ಲ. ಅಲ್ಲೇ ಒಂದೊಂದೇ ಕಣ್ಣು ಮುಚ್ಚಿಯೂ ನೋಡಿ. ಎರಡೂ ಲೆನ್ಸ್ ಒಂದೇ ಸಮ ಹೊಳಪು ತಡೆಯಬೇಕು. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಅನ್ನಿಸಿದರೆ ಪದರವನ್ನು ಸೊಟ್ಟ ಕೂರಿಸಿದ್ದಾರೆ ಅಂತ ಅರ್ಥ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಬೂದು ಬಣ್ಣದಲ್ಲಿ ಲೋಕ ಇದ್ದ ಹಾಗೇ ಕಾಣುತ್ತದೆ. ಕಂದು ಬಣ್ಣದಲ್ಲಿ ಉಬ್ಬುತಗ್ಗು ಎದ್ದು ಕಾಣುತ್ತದೆ, ನನ್ನದು ಅದೇ.

ತೊಂದರೆಗಳೂ ಇವೆ. ಸೈಕಲ್ ಮೀಟರ್, ಕಾರಿನ ಡ್ಯಾಶ್‌ಬೋರ್ಡ್‌ನ ಕೆಲವು ಪರದೆಗಳು ಮಂಕಾಗಬಹುದು. ನಿಮ್ಮ ಮೀಟರ್ ಜೊತೆಯಲ್ಲಿದ್ದರೆ ಕೊಳ್ಳುವ ಮೊದಲೇ ನೋಡಿಬಿಡಿ. ಕಾರಿನ ಗಾಜುಗಳ ಮೇಲೆ ಚುಕ್ಕೆ, ಚೌಕದ ನಕ್ಷೆ ಕಂಡರೆ ಹೆದರಬೇಡಿ, ಹದ ಮಾಡಿದ ಗಾಜಿನೊಳಗಿನ ಬಿಗಿತ ಹಾಗೆ ಕಾಣುವುದು. ಹೊತ್ತು ಮುಳುಗಿದ ಮೇಲೆ ಇದನ್ನು ಹಾಕಲೇಬೇಡಿ. ಸೂರ್ಯನನ್ನಾಗಲಿ ಗ್ರಹಣವನ್ನಾಗಲಿ ಇದರಿಂದ ನೇರ ನೋಡಲೇಬಾರದು.

ಕೊಂಡ ಮೇಲೆ ಬಿಸಿಯಿಂದ ಕಾಪಾಡಿ. ಒಂದು ಒಳ್ಳೆಯ ಜೋಡಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಿದ್ದೆ. ಅಂಚಿನಲ್ಲಿ ಪದರ ಬಿಟ್ಟು ಗುಳ್ಳೆ ಎದ್ದಿತು, ಮತ್ತೆ ಸರಿಯಾಗಲಿಲ್ಲ. ಧೂಳು ಬಿದ್ದ ಲೆನ್ಸನ್ನು ಅಂಗಿಯ ಅಂಚಿನಿಂದ ಒರೆಸಬೇಡಿ, ಮರಳಿನ ಕಣ ಗೀರುತ್ತದೆ. ಮೊದಲು ನೀರು ಹರಿಸಿ, ಆಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ನಾನು ಸವಾರಿ ಮುಗಿಸಿ ಬಂದ ಕೂಡಲೇ ಮುಖ ತೊಳೆಯುವಾಗ ಕನ್ನಡಕವನ್ನೂ ನಲ್ಲಿಯ ಕೆಳಗೆ ಹಿಡಿಯುತ್ತೇನೆ. ಮೂಗಿನ ಪ್ಯಾಡಿನ ಹಿಂದೆ ಉಪ್ಪುಗಟ್ಟಿದ ಬೆವರು ಇರುತ್ತದೆ, ಅದನ್ನು ಬೆರಳಲ್ಲಿ ಉಜ್ಜಿ ತೆಗೆದರೆ ಮರುದಿನ ಮತ್ತೆ ಜಾರುವುದಿಲ್ಲ.