ಮಿನಿಯೇಚರ್ ಪೇಂಟಿಂಗ್ ಕಲಿಸುವ ವೆಬ್‌ಸೈಟ್: ಪಾಠದ ಪುಟದಿಂದ ಶುರುಮಾಡಿ

ಮಿನಿಯೇಚರ್ ಪೇಂಟಿಂಗ್ (ಪುಟ್ಟ ಆಕೃತಿಗಳಿಗೆ ಬಣ್ಣ ಹಚ್ಚುವ ಹವ್ಯಾಸ) ಪಾಠ ಓದುವವರ ಒಂದು ಕೈಯಲ್ಲಿ ಬ್ರಷ್ ಇರುತ್ತದೆ, ಇನ್ನೊಂದರಲ್ಲಿ 28 ಅಥವಾ 32 ಮಿಲಿಮೀಟರಿನ ಪುಟ್ಟ ಆಕೃತಿ. ಫೋನನ್ನೋ ಟ್ಯಾಬ್ಲೆಟ್ಟನ್ನೋ ಬಣ್ಣದ ಬಾಟಲಿಗಳಿಗೆ ಒರಗಿಸಿಟ್ಟಿರುತ್ತಾರೆ. ಪ್ಯಾಲೆಟ್ಟಿನ ಮೇಲಿನ ಅಕ್ರಿಲಿಕ್ ಆಗಲೇ ಒಣಗತೊಡಗಿರುತ್ತದೆ. ಸೈಟಿನ ವಿನ್ಯಾಸದ ಪ್ರತಿ ನಿರ್ಧಾರವನ್ನೂ ಈ ಮೇಜಿನ ಮೇಲಿಟ್ಟು ಪರೀಕ್ಷಿಸಬೇಕು. ಮುಖಪುಟ, ಲೋಗೊ, ಮೆನು ಎಲ್ಲ ಆಮೇಲೆ. ಮೊದಲು ಒಂದೇ ಒಂದು ಪಾಠದ ಪುಟವನ್ನು ಪೂರ್ತಿ ಸರಿಮಾಡಿಕೊಳ್ಳಿ. ಉಳಿದದ್ದನ್ನು ಅದರ ಸುತ್ತ ಕಟ್ಟಬಹುದು.

ಒಂದು ಹೆಜ್ಜೆ ಎಷ್ಟು ದೊಡ್ಡದಿರಬೇಕು

ಪಾಠಗಳು ಸೋಲುವುದು ಹೆಚ್ಚಾಗಿ ಎರಡು ಫೋಟೊಗಳ ನಡುವೆ. ಮೂರನೇ ಫೋಟೊದಲ್ಲಿ ಮೇಲಂಗಿಗೆ ಬರೀ ಕೆಂಪು ಬೇಸ್ ಕೋಟ್ (ಮೊದಲ ಮೂಲ ಬಣ್ಣ) ಇರುತ್ತದೆ. ನಾಲ್ಕನೆಯದರಲ್ಲಿ ನೆರಳು, ಲೇಯರ್ (ಮೇಲಿನ ಪದರ), ಹೈಲೈಟ್ (ಉಬ್ಬಿದ ಕಡೆಗಳ ತಿಳಿ ಬಣ್ಣ) ಎಲ್ಲ ಮುಗಿದಿರುತ್ತದೆ. ಕಲಿಯಲು ಬಂದವರಿಗೆ ಬೇಕಿದ್ದದ್ದು ಆ ನಡುವಿನ ಕೆಲಸವೇ. ಒಂದು ಬಣ್ಣ, ಒಂದು ಬ್ರಷ್, ಒಂದು ಕ್ರಿಯೆ, ಇಷ್ಟಕ್ಕೆ ಒಂದು ಹೆಜ್ಜೆ ಮತ್ತು ಒಂದು ಫೋಟೊ ಎಂದು ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಕೆಂಪು ಮೇಲಂಗಿಗೆ ಐದು ಹೆಜ್ಜೆ: ಬೇಸ್ ಕೋಟ್, ಮಡಿಕೆಗಳಿಗೆ ವಾಶ್ (ತಗ್ಗುಗಳಿಗೆ ಹರಿದು ನೆರಳು ಕೊಡುವ ತೆಳು ಬಣ್ಣ), ಉಬ್ಬಿದ ಜಾಗಗಳಿಗೆ ಮತ್ತೆ ಬೇಸ್ ಬಣ್ಣ, ಮೊದಲ ಹೈಲೈಟ್, ಕೊನೆಗೆ ಅಂಚಿನ ಹೈಲೈಟ್. ಪುಟ ಉದ್ದವಾದರೆ ಆಗಲಿ. ಬ್ರಷ್ ಹಿಡಿದವರು ಒಂದು ಸಲಕ್ಕೆ ಒಂದು ಹೆಜ್ಜೆಯನ್ನಷ್ಟೇ ನೋಡುತ್ತಾರೆ.

ಪ್ರತಿ ಹೆಜ್ಜೆಯಲ್ಲೂ ಬಣ್ಣ ಯಾವುದು, ಎಷ್ಟು ತೆಳು, ಯಾವ ಬ್ರಷ್, ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತು ಒಣಗಬೇಕು, ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂಬುದೆಲ್ಲ ಇರಬೇಕು. ಇದರಲ್ಲಿ ಕಷ್ಟದ್ದು ತೆಳುವಿನ ವಿಷಯ. 'ಸಮಪ್ರಮಾಣದ ನೀರು ಬೆರೆಸಿ' ಎಂಬುದು ಒಂದು ಕಂಪನಿಯ ಬಣ್ಣಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ತೆರೆದು ಬಹಳ ದಿನವಾದ ಬಾಟಲಿಯಲ್ಲಿ ಅದೇ ಬಣ್ಣ ಗಟ್ಟಿಯಾಗಿರುತ್ತದೆ. ಆದ್ದರಿಂದ ಪ್ರಮಾಣದ ಜೊತೆಗೆ ಪರೀಕ್ಷೆಯನ್ನೂ ಹೇಳಿ: ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದರೆ ಅದರ ಅಂಚು ನೇರವಾಗಿ ನಿಲ್ಲಬೇಕು. ಗೆರೆ ಪಕ್ಕಕ್ಕೆ ಹರಡಿದರೆ ನೀರು ಹೆಚ್ಚು, ಬ್ರಷ್ಷಿನ ಕೂದಲಿನ ಗುರುತು ಉಳಿದರೆ ಬಣ್ಣ ಗಟ್ಟಿ. ಈ ಮೂರೂ ಸ್ಥಿತಿಗಳ ಫೋಟೊ ಇರುವ ಒಂದು ಸಣ್ಣ ಪುಟ ಮಾಡಿ, ಎಲ್ಲ ಪಾಠಗಳಿಂದಲೂ ಅದಕ್ಕೆ ಲಿಂಕ್ ಕೊಡಿ. ಬ್ರಷ್ಷಿನದೂ ಇದೇ ಕಥೆ: ಒಬ್ಬ ತಯಾರಕರ ಸೈಜ್ 1 ಇನ್ನೊಬ್ಬರ ಸೈಜ್ 1ರಷ್ಟೇ ಇರುವುದಿಲ್ಲ. ಅಳತೆಪಟ್ಟಿಯ ಪಕ್ಕ ಬ್ರಷ್ಷನ್ನಿಟ್ಟು ತೆಗೆದ ಒಂದು ಫೋಟೊ ಸಾಕು.

ಎಡವಟ್ಟುಗಳಿಗೆ ಕೊನೆಯಲ್ಲಿ ಪ್ರತ್ಯೇಕ ಪಟ್ಟಿ ಬೇಡ, ಆಯಾ ಹೆಜ್ಜೆಯೊಳಗೇ ಬರೆಯಿರಿ. ವಾಶ್ ಹಚ್ಚುವ ಹೆಜ್ಜೆಯಲ್ಲೇ 'ಮಡಿಕೆಯಲ್ಲಿ ಕೆರೆ ಕಟ್ಟಿದರೆ ತೇವ ಆರುವ ಮೊದಲೇ ಒಣ ಬ್ರಷ್ಷಿನಿಂದ ಹೀರಿಕೊಳ್ಳಿ, ಅರ್ಧ ಒಣಗಿದ ಮೇಲೆ ಮುಟ್ಟಿದರೆ ಉಂಗುರದಂಥ ಕಲೆ ಉಳಿಯುತ್ತದೆ' ಎಂದಿರಬೇಕು. ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಸಿಂಪಡಿಸುವ ಪದರ) ಹೆಜ್ಜೆಯಲ್ಲಿ 20ರಿಂದ 30 ಸೆಂಟಿಮೀಟರ್ ದೂರ ಎಂದಷ್ಟೇ ಬರೆದು ಬಿಡಬೇಡಿ, ಕಾರಣವನ್ನೂ ಹೇಳಿ: ಇನ್ನೂ ದೂರವಾದರೆ ಹನಿಗಳು ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿದ್ದು ಮೇಲ್ಮೈ ಒರಟಾಗುತ್ತದೆ, ತೀರಾ ಹತ್ತಿರವಾದರೆ ಸಣ್ಣ ಕೆತ್ತನೆಗಳು ಮುಚ್ಚಿಹೋಗುತ್ತವೆ. ಮ್ಯಾಟ್ ವಾರ್ನಿಷ್ ಲೋಹದ ಬಣ್ಣದ ಹೊಳಪನ್ನು ಮಂಕಾಗಿಸುತ್ತದೆ ಎಂಬ ಎಚ್ಚರಿಕೆ ಲೋಹದ ಬಣ್ಣ ಹಚ್ಚುವ ಹೆಜ್ಜೆಯಲ್ಲೇ ಇರಲಿ. ವಾರ್ನಿಷ್ ಪಾಠಕ್ಕೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಪಾಠದ ತಲೆಯಲ್ಲಿ ಸಮಯವನ್ನು ಎರಡಾಗಿ ಒಡೆದು ತೋರಿಸಿ: ಕೈಕೆಲಸ ಎಷ್ಟು, ಒಣಗಲು ಎಷ್ಟು. ಒಟ್ಟು ಎರಡು ಗಂಟೆ ಎಂದರೆ ಯಾರಿಗೂ ಉಪಯೋಗವಿಲ್ಲ. ಕೆಲಸ 50 ನಿಮಿಷ, ಒಣಗಲು 70 ನಿಮಿಷ ಎಂದರೆ ಆ ನಡುವೆ ಇನ್ನೊಂದು ಆಕೃತಿಯನ್ನು ಕೈಗೆತ್ತಿಕೊಳ್ಳಬಹುದು.

ಫೋಟೊ ಸರಿಯಿಲ್ಲದಿದ್ದರೆ ಪಾಠವೇ ಇಲ್ಲ

ಎಲ್ಲ ಹೆಜ್ಜೆಗಳೂ ಒಂದೇ ಕೋನದಿಂದ, ಒಂದೇ ಬೆಳಕಿನಲ್ಲಿ ಕಾಣಬೇಕು. ಮಿನಿಯೇಚರನ್ನು ಹಿಡಿಕೆಗೆ ಅಂಟಿಸಿ, ಹಿಡಿಕೆ ನಿಲ್ಲುವ ಜಾಗಕ್ಕೆ ಟೇಪಿನಿಂದ ಗುರುತು ಹಾಕಿ. ಬಣ್ಣ ಹಚ್ಚಿ ತಂದಾಗಲೆಲ್ಲ ಅದೇ ಗುರುತಿನ ಮೇಲಿಡಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಎರಡು ಸೆಕೆಂಡಿನ ಟೈಮರ್ ಇರಲಿ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲನ) ಎರಡನ್ನೂ ಲಾಕ್ ಮಾಡಿ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ದೃಶ್ಯವನ್ನೂ ನಡು ಬೂದುಬಣ್ಣಕ್ಕೆ ಎಳೆಯುತ್ತದೆ: ಕಪ್ಪು ಪ್ರೈಮರ್ ಬೂದಾಗಿ ಕಾಣುತ್ತದೆ, ಬಿಳಿ ಪ್ರೈಮರ್ ಮಂಕಾಗುತ್ತದೆ. ಎರಡು ಹೆಜ್ಜೆಗಳ ನಡುವಿನ ವ್ಯತ್ಯಾಸ ಬಣ್ಣದಿಂದ ಬಂತೋ ಕ್ಯಾಮೆರಾದಿಂದ ಬಂತೋ ಓದುವವರಿಗೆ ತಿಳಿಯುವುದೇ ಇಲ್ಲ.

ದೀಪಗಳು ಎರಡು ಸಾಕು, ಎಡಕ್ಕೊಂದು ಬಲಕ್ಕೊಂದು, ಸುಮಾರು 45 ಡಿಗ್ರಿಯಲ್ಲಿ. ಬಣ್ಣದ ತಾಪಮಾನ 5000ರಿಂದ 5600 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ ಇರಲಿ. ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿದರೆ ಬೆಳಕು ಮೃದುವಾಗುತ್ತದೆ. ಕಿಟಕಿಯ ಬೆಳಕು, ಕೋಣೆಯ ಹಳದಿ ಬಲ್ಬು ಇದರೊಡನೆ ಬೆರೆಯಲು ಬಿಡಬೇಡಿ. ಆಕೃತಿಯ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ ಛಾಯೆ ಬಂದರೆ ಸಾಫ್ಟ್‌ವೇರಿನಲ್ಲಿ ತಿದ್ದುವುದು ಬಹಳ ಕಷ್ಟ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 8ರಿಂದ ಎಫ್ 11ರ ಆಸುಪಾಸಿನಲ್ಲಿರಲಿ. ಎಫ್ 22ಕ್ಕೆ ಹೋದರೆ ಫೋಕಸ್‌ನ ಆಳ ಹೆಚ್ಚುತ್ತದೆ ನಿಜ, ಆದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ. ಫೋನಿನಲ್ಲಿ ತೆಗೆಯುವುದಾದರೆ ಅದನ್ನು ಆಕೃತಿಯ ಮೂಗಿನ ಹತ್ತಿರಕ್ಕೆ ಒಯ್ಯಬೇಡಿ. ಮುಂದೆ ಚಾಚಿದ ಕೈ, ಕತ್ತಿ ಅಳತೆ ಮೀರಿ ದೊಡ್ಡದಾಗುತ್ತವೆ. 30 ಸೆಂಟಿಮೀಟರ್ ದೂರದಿಂದ ಎರಡು ಪಟ್ಟಿನ ಲೆನ್ಸ್‌ನಲ್ಲಿ ತೆಗೆದು ಕತ್ತರಿಸಿ.

ಬಣ್ಣ ಪೂರ್ತಿ ಒಣಗಿದ ಮೇಲೆಯೇ ಕ್ಲಿಕ್ ಮಾಡಿ. ಹಸಿ ಅಕ್ರಿಲಿಕ್ ಹೊಳೆಯುತ್ತದೆ, ಎಷ್ಟೋ ಬಣ್ಣಗಳು ಒಣಗಿದಾಗ ಒಂದು ಛಾಯೆ ಗಾಢವಾಗುತ್ತವೆ. ಹಿನ್ನೆಲೆ ನಡು ಬೂದುಬಣ್ಣದ್ದಿರಲಿ, ವೆಬ್ ಪುಟದಲ್ಲಿ ಫೋಟೊದ ಸುತ್ತಲಿನ ಬಣ್ಣವೂ ತಟಸ್ಥವಾಗಿರಲಿ. ಹಸಿರು ಪುಟದ ಮೇಲೆ ಕೆಂಪು ಉರಿಯುತ್ತದೆ, ಕಿತ್ತಳೆ ಪುಟದ ಮೇಲೆ ಅದೇ ಕೆಂಪು ಸೊರಗುತ್ತದೆ. ಸೈಟಿಗೊಂದು ಮೆಚ್ಚಿನ ಬಣ್ಣ ಬೇಕೆಂದರೆ ಅದನ್ನು ಬಟನ್ನುಗಳಿಗಷ್ಟೇ ಬಳಸಿ.

ಇನ್ನೊಂದು ಮಾತು. 32 ಮಿಲಿಮೀಟರಿನ ಆಕೃತಿ ಪರದೆಯ ಮೇಲೆ ಹತ್ತು ಪಟ್ಟು ದೊಡ್ಡದಾದಾಗ ಅನುಭವಿಗಳ ಕೆಲಸವೂ ಒರಟಾಗಿಯೇ ಕಾಣುತ್ತದೆ. ಕ್ಲೋಸಪ್‌ಗಳ ಜೊತೆ, ಕೈಯಳತೆಯ ದೂರದಿಂದ ಕಾಣುವಂತೆ ತೆಗೆದ ಒಂದು ಫೋಟೊವನ್ನೂ ಹಾಕಿ. ಹೊಸಬರು ತಮ್ಮ ಕೆಲಸವನ್ನು ಹೋಲಿಸಿಕೊಳ್ಳಬೇಕಾದದ್ದು ಅದರೊಡನೆ. ಈ ಒಂದು ಫೋಟೊ ಇಲ್ಲದ್ದಕ್ಕೆ ಬ್ರಷ್ ಕೆಳಗಿಟ್ಟು ಎದ್ದುಹೋಗುವವರಿದ್ದಾರೆ.

ಫೈಲಿನಲ್ಲಿ ಬಣ್ಣ ಕೆಡುವ ಜಾಗಗಳು

ಚಿತ್ರಗಳನ್ನು ಎಸ್‌ಆರ್‌ಜಿಬಿಗೆ (ವೆಬ್ಬಿನ ಸಾಮಾನ್ಯ ಬಣ್ಣ ವ್ಯವಸ್ಥೆ) ಪರಿವರ್ತಿಸಿದ ಮೇಲೆಯೇ ಕುಗ್ಗಿಸಿ. ಕುಗ್ಗಿಸುವ ಸಾಧನಗಳಲ್ಲಿ ಹಲವು ಬಣ್ಣದ ಪ್ರೊಫೈಲನ್ನೂ (ಬಣ್ಣಗಳನ್ನು ಯಾವ ವ್ಯವಸ್ಥೆಯಲ್ಲಿ ಓದಬೇಕೆಂಬ ಸೂಚನೆ) ಕಿತ್ತುಹಾಕುತ್ತವೆ. ಅಡೋಬಿ ಆರ್‌ಜಿಬಿ ಅಥವಾ ಡಿಸ್‌ಪ್ಲೇ ಪಿ3ಯಲ್ಲಿರುವ ಫೋಟೊ ಪ್ರೊಫೈಲ್ ಕಳೆದುಕೊಂಡರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಎಂದೇ ತಿಳಿದು ಸಪ್ಪೆಯಾಗಿ ತೋರಿಸುತ್ತದೆ.

ಕೆಂಪಿನ ಸಮಸ್ಯೆಯೇ ಬೇರೆ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಅರ್ಧ ರೆಸಲ್ಯೂಶನ್ನಿನಲ್ಲಿ ಉಳಿಸುತ್ತದೆ. ಇದಕ್ಕೆ 4:2:0 ಎನ್ನುತ್ತಾರೆ. ಕೆಂಪು ಕವಚದ ಮೇಲೆ ಕೂದಲೆಳೆಯಷ್ಟು ಸಣ್ಣದಾಗಿ ಎಳೆದ ಕಿತ್ತಳೆ ಅಂಚು ಇದರಿಂದ ಕದಡಿಹೋಗುತ್ತದೆ. ಅಂಥ ಚಿತ್ರಗಳನ್ನು ಜೆಪೆಗ್‌ನಲ್ಲೋ ಎವಿಐಎಫ್‌ನಲ್ಲೋ ಬಣ್ಣವನ್ನು ಪೂರ್ತಿ ಉಳಿಸುವ 4:4:4 ಆಯ್ಕೆಯೊಡನೆ ಉಳಿಸಿ. ಲಾಸಿ (ಮಾಹಿತಿ ಬಿಟ್ಟು ಕುಗ್ಗಿಸುವ) ವೆಬ್‌ಪಿಯಲ್ಲಿ ಆ ಆಯ್ಕೆಯೇ ಇಲ್ಲ.

ಪ್ರತಿ ಫೋಟೊಗೆ 480, 800, 1600 ಮತ್ತು 2400 ಪಿಕ್ಸೆಲ್ ಅಗಲದ ನಾಲ್ಕು ಪ್ರತಿ ಮಾಡಿ, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಕೋಡ್ ಬರೆಯಿರಿ. ಚಿತ್ರದ ಅಗಲ ಎತ್ತರಗಳನ್ನು ಟ್ಯಾಗ್‌ನಲ್ಲಿ ನಮೂದಿಸಿ; ಇಲ್ಲವಾದರೆ ಮೇಲಿನ ಚಿತ್ರ ತಡವಾಗಿ ಬಂದಾಗ ಪುಟ ಜಿಗಿದು, ನಾಲ್ಕನೇ ಹೆಜ್ಜೆ ನೋಡುತ್ತಿದ್ದವರ ಕಣ್ಣೆದುರು ಮೂರನೆಯದು ಬರುತ್ತದೆ. ಮೊದಲ ಚಿತ್ರ ಬಿಟ್ಟು ಉಳಿದವಕ್ಕೆ ಲೇಜಿ ಲೋಡಿಂಗ್ (ಹತ್ತಿರ ಬಂದಾಗಷ್ಟೇ ಚಿತ್ರ ತರುವ ವ್ಯವಸ್ಥೆ) ಹಾಕಿ. ಎರಡು ಬೆರಳಿನ ಜೂಮನ್ನು ಎಂದೂ ತಡೆಯಬೇಡಿ.

ಬ್ರಷ್ಷಿನ ಚಲನೆ ತೋರಿಸಲು ಐದರಿಂದ ಹತ್ತು ಸೆಕೆಂಡಿನ, ಸದ್ದಿಲ್ಲದೆ ಸುತ್ತುವ ಎಂಪಿ4 ತುಣುಕು ಸಾಕು. ಜಿಫ್ ಬೇಡ. ಅದರ ಒಂದು ಫ್ರೇಮಿನಲ್ಲಿ 256 ಬಣ್ಣಗಳಷ್ಟೇ ಇರುವುದರಿಂದ ನವಿರಾದ ಬ್ಲೆಂಡಿಂಗ್ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಬಣ್ಣಗಳ ದಾಖಲೆ

ಬಣ್ಣದ ಹೆಸರನ್ನು ಪಾಠದೊಳಗೆ ನೇರವಾಗಿ ಬರೆಯದೆ ಪ್ರತ್ಯೇಕ ಡೇಟಾ ಫೈಲಿನಲ್ಲಿಟ್ಟು ಅಲ್ಲಿಂದ ಎಳೆದುಕೊಳ್ಳಿ. 2012ರಲ್ಲಿ ಮಿನಿಯೇಚರ್ ಬಣ್ಣಗಳ ಬ್ರ್ಯಾಂಡ್ ಸಿಟಡೆಲ್ ತನ್ನ ಬಣ್ಣದ ಶ್ರೇಣಿಯನ್ನೇ ಬದಲಿಸಿತು. ಡೆವ್ಲನ್ ಮಡ್‌ನಂಥ ಹೆಸರಾಂತ ವಾಶ್ ನಿಂತುಹೋಯಿತು. ಅದನ್ನು ನಂಬಿದ್ದ ಹಳೆಯ ಪಾಠಗಳೆಲ್ಲ ತಿದ್ದುಪಡಿ ಬೇಡಿದವು. ಫೈಲಿನಲ್ಲಿ ತಯಾರಕರು, ಶ್ರೇಣಿ, ಹೆಸರು, ಕೋಡ್, ಬಗೆ, ಈಗ ಸಿಗುತ್ತದೆಯೇ ಇಲ್ಲವೇ ಎಂಬ ಕಾಲಂಗಳಿರಲಿ. ಇನ್ನೊಂದು ಬ್ರ್ಯಾಂಡ್ ವ್ಯಾಲೆಹೊದ ಮಾಡೆಲ್ ಕಲರ್‌ನಲ್ಲಿ ಕಪ್ಪು 70.950, ಬಿಳಿ 70.951 ಎಂಬಂತೆ ಕೋಡ್‌ಗಳಿರುವುದರಿಂದ ಹುಡುಕುವವರಿಗೆ ಹೆಸರಿಗಿಂತ ಅದೇ ಖಚಿತ. ನಿಂತುಹೋದ ಬಣ್ಣವನ್ನು ಅಳಿಸಬೇಡಿ. ಬದಲಿ ಯಾವುದು, ಅದು ಯಾವ ರೀತಿಯಲ್ಲಿ ಬೇರೆ ಎಂದು ಒಂದು ಸಾಲು ಸೇರಿಸಿ. ಜೊತೆಗೆ ಪ್ರತಿ ಬಣ್ಣದ ಪಾತ್ರವನ್ನೂ ಬರೆಯಿರಿ: 'ಹೊಳಪಿಲ್ಲದ ಬೆಚ್ಚನೆಯ ಕಂದು ವಾಶ್' ಎಂದಿದ್ದರೆ ಬೇರೆ ಕಂಪನಿಯ ಬಣ್ಣ ಇಟ್ಟುಕೊಂಡವರೂ ಮುಂದೆ ಸಾಗಬಹುದು.

ಬಣ್ಣ ತೋರಿಸಲು ಹೆಕ್ಸ್ ಕೋಡಿನ (ವೆಬ್ಬಿನಲ್ಲಿ ಬಣ್ಣ ಸೂಚಿಸುವ ಸಂಕೇತ) ಚೌಕ ನಂಬಬೇಡಿ. ಲೋಹದ ಬಣ್ಣ, ವಾಶ್, ಒಂದೇ ಪದರದಲ್ಲಿ ನೆರಳು ಬೆಳಕು ಕೊಡುವ, 2019ರಲ್ಲಿ ಬಂದ ಸಿಟಡೆಲ್ ಕಾಂಟ್ರಾಸ್ಟ್‌ನಂಥವು ಕೆಳಗಿನ ಪ್ರೈಮರ್ ಮೇಲೆ ಅವಲಂಬಿಸಿವೆ. ಕಪ್ಪು, ಬೂದು, ಬಿಳಿ ಪ್ರೈಮರಿನ ಮೂರು ಪಟ್ಟಿಗಳ ಮೇಲೆ ಹಚ್ಚಿ ಫೋಟೊ ತೆಗೆಯಿರಿ. ಕೆಂಪು ಹಸಿರು ಬೇರೆಯಾಗಿ ಕಾಣದವರೂ ಬಣ್ಣ ಹಚ್ಚುತ್ತಾರೆ. ಪ್ರತಿ ಬಣ್ಣದ ಮಾದರಿಯ ಪಕ್ಕ ಹೆಸರು ಇದ್ದೇ ಇರಲಿ.

ಮೇಜಿನ ಮೇಲೆ ಪುಟ

ನಡುವೆ ಪರದೆ ಆರಿಹೋಗುವುದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ, ಬೆರಳಿಗೆಲ್ಲ ಬಣ್ಣ ಮೆತ್ತಿರುತ್ತದೆ. ಸ್ಕ್ರೀನ್ ವೇಕ್ ಲಾಕ್ ಎಪಿಐ ಬಳಸಿ 'ಪರದೆ ಆರದಿರಲಿ' ಎಂಬ ಬಟನ್ ಕೊಡಿ. ಅದು ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ, ಓದುವವರು ಬೇರೆ ಟ್ಯಾಬ್‌ಗೆ ಹೋದ ಕೂಡಲೇ ಬಿಟ್ಟುಹೋಗುತ್ತದೆ. ಪುಟ ಮತ್ತೆ ಕಂಡಾಗ ಮರಳಿ ಕೇಳುವ ಕೋಡ್ ಬರೆಯಲು ಮರೆಯಬೇಡಿ. ಬಟನ್ನುಗಳು ಕನಿಷ್ಠ 44 ಪಿಕ್ಸೆಲ್ ಉದ್ದಗಲ ಇರಲಿ, ಗೆಣ್ಣಿನಿಂದ ಒತ್ತಿದರೂ ತಾಗಬೇಕು.

ಎಲ್ಲಿಯವರೆಗೆ ಮುಗಿಯಿತು ಎಂಬುದನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಷ್ಟೇ ಇಟ್ಟರೆ, ಸಫಾರಿ ಬಳಸುತ್ತಲೇ ಏಳು ದಿನ ಸೈಟ್ ಕಡೆ ಬಾರದವರ ದಾಖಲೆ ಅಳಿಸಿಹೋಗಬಹುದು. ವಾರಕ್ಕೊಮ್ಮೆ ಕೂರುವ ಹವ್ಯಾಸಿಗಳೇ ಹೆಚ್ಚು. ಪ್ರತಿ ಹೆಜ್ಜೆಗೂ ಅದರದೇ ವಿಳಾಸ ಕೊಡಿ. ಆ ಲಿಂಕನ್ನು ಉಳಿಸಿಕೊಂಡರೆ ಸಾಕು. ಹೌಟು ಸ್ಕೀಮಾ (ಹೆಜ್ಜೆಗಳನ್ನು ಹುಡುಕಾಟದ ಯಂತ್ರಕ್ಕೆ ತಿಳಿಸುವ ಗುರುತು) ಕೋಡಿಗೆ ಶ್ರಮ ಹಾಕಬೇಡಿ, ಗೂಗಲ್ 2023ರಲ್ಲೇ ಅದರ ವಿಶೇಷ ಫಲಿತಾಂಶಗಳನ್ನು ಕೈಬಿಟ್ಟಿತು. ಪಾಠಗಳನ್ನು ತಂತ್ರದ ಹೆಸರಿನ ಜೊತೆಗೆ ಮುಖ, ಚರ್ಮ, ಚಿನ್ನ, ತುಕ್ಕು ಎಂದು ಮೇಲ್ಮೈ ಪ್ರಕಾರವೂ ವಿಂಗಡಿಸಿ. ಹುಡುಕುವವರು ಬರುವುದು ಹಾಗೆಯೇ.

ಪ್ರಕಟಿಸುವ ಮುನ್ನ ಈ ತಂತ್ರ ಗೊತ್ತಿಲ್ಲದ ಒಬ್ಬರ ಕೈಗೆ ಬ್ರಷ್ ಕೊಟ್ಟು, ಅವರದೇ ಫೋನಿನಲ್ಲಿ ಪುಟ ತೆರೆಸಿ, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಹಿಂದಕ್ಕೆ ಸ್ಕ್ರಾಲ್ ಮಾಡಿದ ಕಡೆ ಒಂದು ಫೋಟೊ ಕಡಿಮೆಯಿದೆ. 'ಎಲ್ಲಿ, ಇಲ್ಲಿಗಾ?' ಎಂದು ಕೇಳಿದ ಕಡೆ ಚಿತ್ರದ ಮೇಲೊಂದು ಬಾಣದ ಗುರುತು ಬೇಕು. ತಿದ್ದಿದ ಪುಟವನ್ನು ಮತ್ತೊಬ್ಬ ಹೊಸಬರಿಗೆ ಕೊಡಿ, ಮೊದಲಿನವರಿಗೆ ಆಗಲೇ ಉತ್ತರ ಗೊತ್ತಿರುತ್ತದೆ.